ಮಳೆಗಾಲಕ್ಕೆ ಸಿಕ್ಕ ಪಿಕಲ್‌ಬಾಲ್ ಪ್ಯಾಡಲ್: ವರ್ಷದ ಮೇಲೆ ಬಳಸಿ ಬರೆದಿದ್ದು

ಪ್ಯಾಡಲ್ (ಪಿಕಲ್‌ಬಾಲ್ ಆಟದಲ್ಲಿ ತೂತಿನ ಪ್ಲಾಸ್ಟಿಕ್ ಚೆಂಡನ್ನು ನೆಟ್ ಆಚೆ ಹೊಡೆಯುವ ಬ್ಯಾಟು) ಚೆನ್ನಾಗಿದೆ. ಅದರ ಜೊತೆ ಬಂದ ಗ್ರಿಪ್, ಅಂದರೆ ಹಿಡಿಗೆ ಸುತ್ತಿದ ಪಟ್ಟಿ, ದರಿದ್ರ. ಇಷ್ಟು ಬರೆದು ಮುಗಿಸಬಹುದಿತ್ತು. ಆದರೆ ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯವರು ಯಾರಾದರೂ ಇಂಥದ್ದೇ ಕೊಳ್ಳಲು ಹೊರಟಿದ್ದರೆ ಅವರಿಗೆ ಉಪಯೋಗ ಆಗಲಿ ಅಂತ ಉದ್ದಕ್ಕೆ ಬರೆಯುತ್ತಿದ್ದೇನೆ. ಎ.ಸಿ. ಹಾಲ್‌ನಲ್ಲಿ ನಿಂತು ಪ್ಯಾಡಲ್ ಹೊಗಳುವ ವಿಡಿಯೊ ನಾನೂ ಬೇಕಾದಷ್ಟು ನೋಡಿದೆ. ಪುನರ್ವಸು ಮಳೆ ಹಿಡಿದಾಗ ಗ್ರಿಪ್‌ಗೆ ಬೂಸ್ಟು ಬರುತ್ತದೆ ಅಂತ ಅವರಲ್ಲಿ ಒಬ್ಬರೂ ಹೇಳಲಿಲ್ಲ.

ಕಂಪನಿ ಹೆಸರು ಬೇಡ. 16 ಮಿ.ಮೀ. ದಪ್ಪದ್ದು, ಚೆಂಡು ಹೊಡೆಯುವ ಮುಖಕ್ಕೆ ರಾ ಕಾರ್ಬನ್ ಫೈಬರ್ (ತರಿತರಿಯಾದ ಕಾರ್ಬನ್ ಹೊದಿಕೆ), ಉದ್ದ ಹಿಡಿ. ಇದೇ ಅಚ್ಚಿನ ಪ್ಯಾಡಲ್‌ಗಳು ಈಗ ಬೇರೆ ಬೇರೆ ಹೆಸರಲ್ಲಿ ಬರುತ್ತವೆ. ಬಜೆಟ್ ಏಳು ಸಾವಿರ ದಾಟಬಾರದು ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದೆ, ದಾಟಲಿಲ್ಲ. ಉಳಿದ ವಿವರ ಡಬ್ಬಿಯ ಮೇಲೇ ಇರುತ್ತದೆ.

ದಪ್ಪ ಪ್ಯಾಡಲ್ ಯಾಕೆ ತಗೊಂಡೆ ಅನ್ನೋದನ್ನು ಮಾತ್ರ ಹೇಳಬೇಕು. ನಾನು ಕಾಲೇಜಿನಿಂದಲೂ ಶಟಲ್ ಆಡಿದವಳು. ಶಟಲ್ ರಾಕೆಟ್ ತೂಕ ಸುಮಾರು 85 ಗ್ರಾಂ, ಆಟವೆಲ್ಲ ಮಣಿಕಟ್ಟಿನಲ್ಲಿ. ಪಿಕಲ್‌ಬಾಲ್ ಪ್ಯಾಡಲ್ 220 ಗ್ರಾಂ ಆಸುಪಾಸು ಇರುತ್ತದೆ. ಹಳೆ ಅಭ್ಯಾಸದಲ್ಲಿ ಮಣಿಕಟ್ಟು ತಿರುಗಿಸಿ ಹೊಡೆದರೆ ಚೆಂಡು ಹೋಗಿ ಹಿಂದಿನ ಗೋಡೆಗೆ ಬೀಳುತ್ತದೆ. ತೆಳು ಪ್ಯಾಡಲ್, ಅಂದರೆ 13 ಅಥವಾ 14 ಮಿ.ಮೀ. ನದ್ದು, ಚೆಂಡನ್ನು ಪಟಕ್ಕನೆ ಒದೆಯುತ್ತದೆ. 16 ರದ್ದು ಸ್ವಲ್ಪ ಹೊತ್ತು ಹಿಡಿದುಕೊಂಡು ಬಿಡುತ್ತದೆ. ಹೊಡೆತದ ಜೋರು ನನ್ನ ಕೈಯಲ್ಲೇ ಜಾಸ್ತಿ ಇದೆ, ಪ್ಯಾಡಲ್‌ನಿಂದ ಬೇಕಿದ್ದಿದ್ದು ತಾಳ್ಮೆ. ನನ್ನ ಡಬಲ್ಸ್ ಜೊತೆಗಾರರು ನಿವೃತ್ತ ಮೇಷ್ಟ್ರು. ಅವರದು ಇದಕ್ಕೆ ಉಲ್ಟಾ. ಭುಜ ನೋವು, ಜೋರಾಗಿ ಬೀಸಲು ಆಗುವುದಿಲ್ಲ. ತೆಳುವಾದ ಫೈಬರ್‌ಗ್ಲಾಸ್ ಪ್ಯಾಡಲ್ ಇಟ್ಟುಕೊಂಡಿದ್ದಾರೆ, ಸುಮ್ನೆ ಮುಟ್ಟಿಸಿದರೂ ಚೆಂಡು ಹಿಂದಿನ ಗೆರೆ ತನಕ ಹೋಗುತ್ತದೆ. ಒಂದು ದಿನ ಅದಲು ಬದಲು ಮಾಡಿಕೊಂಡು ಆಡಿದೆವು. ಎರಡೇ ಗೇಮ್‌ಗೆ ಮೇಷ್ಟ್ರು, "ನಿಮ್ಮದು ನಿಮಗೇ ಇರಲಿ ಮಾರಾಯ್ತಿ, ನಂದು ಕೊಡಿ" ಅಂದರು. ಪ್ಯಾಡಲ್ ಕೊಳ್ಳುವವರು ಅಂತರ್ಜಾಲದಲ್ಲಿ ತಿಂಗಳುಗಟ್ಟಲೆ ಓದುವ ಬದಲು ಹೀಗೆ ಇನ್ನೊಬ್ಬರದನ್ನು ಇಸಕೊಂಡು ಆಡಿ ನೋಡುವುದೇ ವಾಸಿ.

ನಾವು ಆಡುವುದು ಶಟಲ್ ಹಾಲ್‌ನಲ್ಲಿ. ಪಿಕಲ್‌ಬಾಲ್ ಕೋರ್ಟ್ 44 ಅಡಿ ಉದ್ದ, 20 ಅಡಿ ಅಗಲ. ಶಟಲ್ ಡಬಲ್ಸ್ ಕೋರ್ಟಿನ ಅಳತೆಯೂ ಅದೇ. ಶಟಲ್‌ನ ಶಾರ್ಟ್ ಸರ್ವಿಸ್ ಗೆರೆ ನೆಟ್‌ನಿಂದ ಆರೂವರೆ ಅಡಿ, ನಮ್ಮ ಕಿಚನ್ ಗೆರೆ (ಇದಕ್ಕೂ ನೆಟ್‌ಗೂ ನಡುವೆ ನಿಂತು, ಚೆಂಡು ನೆಲಕ್ಕೆ ಬೀಳುವ ಮೊದಲು ಹೊಡೆಯುವಂತಿಲ್ಲ) 7 ಅಡಿ. ಆ ಅರ್ಧ ಅಡಿ ಹಿಂದಕ್ಕೆ ಒಂದು ಬಣ್ಣದ ಟೇಪ್ ಅಂಟಿಸಿ, ನೆಟ್ ನಡುಮಧ್ಯ 34 ಇಂಚಿಗೆ ಬರುವ ಹಾಗೆ ಇಳಿಸಿಕೊಂಡರೆ ಕೋರ್ಟ್ ರೆಡಿ. ಪಕ್ಕದ ಕೋರ್ಟಿನ ಶಟಲ್‌ನವರು "ಎಂತ ಮಾರಾಯ್ರೆ ನಿಮ್ಮ ಟಕಟಕ" ಅಂತ ಗೊಣಗುತ್ತಾರೆ. ಗೊಣಗಲಿ ಬಿಡಿ, ಅವರಲ್ಲೇ ಅರ್ಧ ಜನ ಈಗ ನಮ್ಮ ಕಡೆ ಬಂದಾಯಿತು.

ಬೇಸಿಗೆ ತನಕ ಎಲ್ಲ ಚೆನ್ನಾಗಿತ್ತು. ಜೂನ್‌ನಲ್ಲಿ ಶುರುವಾಯಿತು ಗೋಳು. ಪ್ಯಾಡಲ್ ಜೊತೆ ಬಂದಿದ್ದು ತೂತು ತೂತಿನ ಮೆತ್ತನೆ ಗ್ರಿಪ್. ಬೆವರು ಹೀರಿಕೊಳ್ಳುತ್ತದೆ ಅಂತ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿದೆ. ನಿಜ, ಹೀರಿಕೊಳ್ಳುತ್ತದೆ. ಆದರೆ ಬಿಡುವುದಿಲ್ಲ! ನಮ್ಮಲ್ಲಿ ಮಳೆಗಾಲದಲ್ಲಿ ಟವೆಲ್ಲೇ ಮೂರು ದಿನ ಒಣಗುವುದಿಲ್ಲ, ಇದು ಎಲ್ಲಿ ಒಣಗಬೇಕು? ಬ್ಯಾಗ್ ತೆಗೆದರೆ ಮುಗ್ಗಲು ವಾಸನೆ. ಆಮೇಲೆ ಗ್ರಿಪ್‌ನ ಅಂಚಿಗೆ ಬೆಳ್ಳಗೆ ಬೂಸ್ಟು. ಸರ್ವ್ ಮಾಡುವಾಗ ಹಿಡಿ ಅಂಗೈಯಲ್ಲಿ ಕೂದಲೆಳೆಯಷ್ಟು ತಿರುಗಿದರೂ ಸಾಕು, ಚೆಂಡು ನೆಟ್‌ಗೆ. ತಿರುಗಬಾರದು ಅಂತ ಬಿಗಿ ಹಿಡಿದು ಹಿಡಿದು ಮೊಣಕೈ ಹೊರಬದಿ ನೋವು ಶುರುವಾಯಿತು. ಮನೆಯವರು, "ಆಟ ಬಿಟ್ಟರೆ ನೋವೂ ಬಿಡುತ್ತೆ" ಅಂತ ಪುಕ್ಕಟೆ ಸಲಹೆ ಕೊಟ್ಟರು.

ಗ್ರಿಪ್ ಪೂರ್ತಿ ಕಿತ್ತು ಹಾಕಿದೆ. ಈ ಪ್ಯಾಡಲ್‌ನ ನಿಜವಾದ ಸುಖ ಶುರುವಾಗಿದ್ದು ಅಲ್ಲಿಂದ.

ಕಿತ್ತ ಮೇಲೆ ಹಿಡಿಗೆ ಅಂಟು ಮೆತ್ತಿಕೊಂಡಿತ್ತು. ಕೊರೊನಾ ಕಾಲದಲ್ಲಿ ತಂದಿಟ್ಟಿದ್ದ ಸ್ಯಾನಿಟೈಸರ್ ಇತ್ತು, ಹಳೆ ಪಂಚೆ ತುಂಡಿಗೆ ಹಾಕಿ ಉಜ್ಜಿದೆ, ಹೋಯಿತು. ಆಗ ಗೊತ್ತಾಗಿದ್ದು, ಒಳಗಿನ ಹಿಡಿ ಎಷ್ಟು ಸಪೂರ ಅಂತ. ಡಬ್ಬಿ ಪ್ರಕಾರ ಸುತ್ತಳತೆ ನಾಲ್ಕೂಕಾಲು ಇಂಚು. ಅದರಲ್ಲಿ ಅರ್ಧ ಇಂಚಿನಷ್ಟು ಬರೀ ಆ ಸ್ಪಂಜು! ನನ್ನ ಕೈ ಚಿಕ್ಕದು. ಹಿಡಿ ನಿಮಗೆ ಸರಿಯಾ ಅಂತ ನೋಡಲು ಸುಲಭದ ದಾರಿ ಒಂದಿದೆ. ಆಡುವ ಹಾಗೆ ಹಿಡಿದುಕೊಳ್ಳಿ. ಬೆರಳ ತುದಿಗೂ ಅಂಗೈ ದಿಂಡಿಗೂ ಮಧ್ಯೆ ಇನ್ನೊಂದು ಕೈಯ ತೋರುಬೆರಳು ಸರಿಯಾಗಿ ಕೂರಬೇಕು. ಜಾಗ ಉಳಿದರೆ ಹಿಡಿ ದಪ್ಪ, ಬೆರಳು ಹೋಗದಿದ್ದರೆ ಸಪೂರ. ದಪ್ಪ ಹಿಡಿಯಲ್ಲಿ ಮಣಿಕಟ್ಟು ಕಟ್ಟಿ ಹಾಕಿದಂತಾಗುತ್ತದೆ. ಶಟಲ್‌ನಿಂದ ಬಂದವರಿಗೆ ಅದು ದೊಡ್ಡ ಶಿಕ್ಷೆ.

ಈಗ ಬರಿ ಹಿಡಿಯ ಮೇಲೆ ಓವರ್‌ಗ್ರಿಪ್ (ಸಾಮಾನ್ಯವಾಗಿ ಗ್ರಿಪ್ ಮೇಲೆ ಸುತ್ತುವ ತೆಳು ಪಟ್ಟಿ) ಎರಡು ಪದರ ಇದೆ. ಒಳಗಿನದು ಖಾಯಂ. ಹೊರಗಿನದನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ ಬದಲಾಯಿಸುತ್ತೇನೆ. ಮುಟ್ಟಿದರೆ ಅಂಟುವ ಓವರ್‌ಗ್ರಿಪ್ ಬೇಡ, ಒಣ ಜಾತಿಯದ್ದು ತಗೊಳ್ಳಿ. ಮುಟ್ಟಿದರೆ ಬಟ್ಟೆಯ ಹಾಗಿರುತ್ತದೆ, ಕೈ ಬೆವರಿದಷ್ಟೂ ಹಿಡಿತ ಜಾಸ್ತಿ ಆಗುತ್ತದೆ. ಟವೆಲ್ ಗ್ರಿಪ್ ಅಂತ ಇನ್ನೊಂದಿದೆ, ಡಿಸೆಂಬರ್‌ನಲ್ಲಿ ಬಹಳ ಚೆಂದ. ಜುಲೈಯಲ್ಲಿ ಅದೂ ಬೂಸ್ಟಿನ ಮನೆ.

ಭಾನುವಾರ ಬೆಳಿಗ್ಗೆ ಕಾಫಿ ಆದ ಮೇಲೆ ಜಗಲಿಯಲ್ಲಿ ಕೂತು ಗ್ರಿಪ್ ಸುತ್ತುವುದು ಈಗ ಒಂದು ಚಟ. ಚೂಪು ತುದಿಯನ್ನು ಹಿಡಿಯ ಬುಡಕ್ಕೆ ಒಂದು ಸುತ್ತು ಬಿಗಿಯಾಗಿ ಕೂರಿಸಬೇಕು. ಆಮೇಲೆ ಎಡಗೈಯಲ್ಲಿ ಪ್ಯಾಡಲ್ ತಿರುಗಿಸುತ್ತಾ ಬಲಗೈಯಲ್ಲಿ ಪಟ್ಟಿಯನ್ನು ಚೂರು ಎಳೆದು ಹಿಡಿಯಬೇಕು. ಒಂದರ ಮೇಲೊಂದು ಎಷ್ಟು ಹತ್ತುತ್ತದೆ ಅನ್ನುವುದರಲ್ಲಿ ಇದೆ ಎಲ್ಲ. ಜಾಸ್ತಿ ಹತ್ತಿಸಿದರೆ ಗಂಟು ಗಂಟು, ಕಡಿಮೆಯಾದರೆ ನಡುವೆ ಬಾಯಿ ಬಿಡುತ್ತದೆ. ಬುಡದ ಹತ್ತಿರ ಒಳಗಡೆ ಹತ್ತಿ ದಾರ ನಾಲ್ಕು ಸುತ್ತು ಹಾಕಿ ಸಣ್ಣ ದಿಬ್ಬ ಮಾಡಿಕೊಂಡಿದ್ದೇನೆ, ಕಿರುಬೆರಳು ಅಲ್ಲಿ ನಿಂತುಕೊಳ್ಳುತ್ತದೆ. ಎಷ್ಟು ಬೆವರಿದರೂ ಪ್ಯಾಡಲ್ ಕೈ ಬಿಟ್ಟು ಹೋಗುವುದಿಲ್ಲ. ನೋವೂ ಕಡಿಮೆಯಾಯಿತು, ಈಗ ಬಿಗಿ ಹಿಡಿಯುವ ಅಗತ್ಯವೇ ಇಲ್ಲ ಅಲ್ವಾ.

ಒಂದು ಎಚ್ಚರಿಕೆ. ಊರಿಗೆ ಹೋದಾಗ ಒದ್ದೆ ಓವರ್‌ಗ್ರಿಪ್ ಬಿಚ್ಚಿ ಬಚ್ಚಲೊಲೆ ಹತ್ತಿರ ನೇತು ಹಾಕುತ್ತೇನೆ, ಹಂಡೆ ಕಾಯುವುದರೊಳಗೆ ಗರಿಗರಿ. ಆದರೆ ಪ್ಯಾಡಲ್ ಅನ್ನು ಮಾತ್ರ ಒಲೆ ಹತ್ತಿರ ತರಬೇಡಿ, ಬಿಸಿಲಲ್ಲಿ ಕಾರಿನೊಳಗೂ ಬಿಡಬೇಡಿ. ಒಳಗಿರುವುದು ಜೇನುಗೂಡಿನ ಆಕಾರದ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್, ಮುಖವನ್ನು ಅದಕ್ಕೆ ಅಂಟಿಸಿರುತ್ತಾರೆ. ಕಾವಿಗೆ ಅಂಟು ಸಡಿಲವಾದರೆ ಮುಖ ಎದ್ದು ಬರುತ್ತದೆ. ತಿಂಗಳಿಗೊಮ್ಮೆ ನಾನು ಮುಖದ ಮೇಲೆಲ್ಲ ಬೆರಳ ಗೆಣ್ಣಿನಿಂದ ಹಲಸಿನಹಣ್ಣಿನ ಹಾಗೆ ತಟ್ಟಿ ನೋಡುತ್ತೇನೆ. ಎಲ್ಲ ಕಡೆ ಒಂದೇ ಸದ್ದು ಬಂದರೆ ಒಳಗೆ ಕ್ಷೇಮ. ಒಂದು ಕಡೆ ಮಾತ್ರ ಬೊದ್ದು ಸದ್ದು ಬಂದರೆ ಅಲ್ಲಿ ಗೂಡು ಕುಸಿದಿದೆ ಅಂತ ಅರ್ಥ. ಈ ಜೇನುಗೂಡಿನ ಐಡಿಯಾ ಬಂದಿದ್ದು ವಿಮಾನದಿಂದ. 1965 ರಲ್ಲಿ ಅಮೆರಿಕದ ಬೈನ್‌ಬ್ರಿಡ್ಜ್ ದ್ವೀಪದಲ್ಲಿ ಈ ಆಟ ಹುಟ್ಟಿದ ಮೇಲೆ ಬಹಳ ವರ್ಷ ಪ್ಲೈವುಡ್ ಹಲಗೆಯಲ್ಲೇ ಆಡುತ್ತಿದ್ದರು. 1984 ರಲ್ಲಿ ಬೋಯಿಂಗ್ ಕಂಪನಿಯ ಎಂಜಿನಿಯರ್ ಆರ್ಲೆನ್ ಪರಾಂಟೊ ವಿಮಾನದಲ್ಲಿ ಬಳಸುವ ಜೇನುಗೂಡು ಹಲಗೆ ತಂದು ಪ್ಯಾಡಲ್ ಮಾಡಿದರು.

ತೂಕದ ಕತೆಗೆ ಬರುತ್ತೇನೆ. ಹಳೆ ಗ್ರಿಪ್ ಕಿತ್ತರೆ ಬರೀ ಹಿಡಿ ಸಪೂರ ಆಗುವುದಿಲ್ಲ. ಬುಡದ ತೂಕ ಇಳಿದು ತಲೆ ಭಾರ ಅನ್ನಿಸುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟರೆ ಮೊದಲಿಗಿಂತ ಹಗುರ, ಕೈಯಲ್ಲಿ ಹಿಡಿದರೆ ಮೊದಲಿಗಿಂತ ಭಾರ! ಜೊತೆಗೆ ಚೆಂಡು ಅಂಚಿನ ಹತ್ತಿರ ಬಿದ್ದರೆ ಪ್ಯಾಡಲ್ ಕೈಯಲ್ಲಿ ಗಿರಕ್ಕನೆ ತಿರುಗುತ್ತಿತ್ತು. ಇದಕ್ಕೆ ಅಂಚಿಗೆ ಸೀಸದ ಪಟ್ಟಿ ಅಂಟಿಸುತ್ತಾರೆ. ಪ್ಯಾಡಲ್ ಮುಖವನ್ನು ಗಡಿಯಾರ ಅಂದುಕೊಳ್ಳಿ. 12 ಗಂಟೆ ಜಾಗದಲ್ಲಿ ಅಂಟಿಸಿದರೆ ಹೊಡೆತಕ್ಕೆ ಜೋರು ಬರುತ್ತದೆ, ಕೈ ನಿಧಾನ ಆಗುತ್ತದೆ. 3 ಮತ್ತು 9 ರಲ್ಲಿ ಅಂಟಿಸಿದರೆ ತಿರುಗುವುದು ಕಡಿಮೆಯಾಗುತ್ತದೆ. ಹಿಂದೆ ನಿಂತು ಬಾರಿಸುವವರು 12 ನೋಡಬಹುದು. ನನ್ನ ಆಟ ಇರುವುದು ಕಿಚನ್ ಗೆರೆಯಲ್ಲಿ, ಮೂಗಿನ ಮುಂದೆ ಬಂದ ಚೆಂಡಿಗೆ ಕೈ ಅಡ್ಡ ಹೋಗಬೇಕು. ಹಾಗಾಗಿ 3 ಮತ್ತು 9 ಕ್ಕಿಂತ ಚೂರು ಕೆಳಗೆ.

ಸೀಸದ ಪಟ್ಟಿ ಇಲ್ಲಿ ಅಂಗಡಿಯಲ್ಲಿ ಸಿಗಲಿಲ್ಲ. ಆನ್‌ಲೈನ್‌ನಲ್ಲಿ ತರಿಸುವ ಮೊದಲು ಎಷ್ಟು ಗ್ರಾಂ ಬೇಕು ಅಂತ ಗೊತ್ತಾಗಬೇಕಲ್ಲ? ಬಿ.ಎಚ್. ರಸ್ತೆಯಲ್ಲಿ ಟೈರ್ ಅಂಗಡಿಗೆ ಹೋದೆ. ಅಲಾಯ್ ಚಕ್ರದ ಬ್ಯಾಲೆನ್ಸಿಂಗ್‌ಗೆ ಅಂಟಿಸುವ 5 ಗ್ರಾಂ ತುಂಡುಗಳು ಇರುತ್ತವಲ್ಲ, ಅದನ್ನು ಕೇಳಿದೆ. ಹುಡುಗ ನನ್ನ ಹಿಂದೆ ಮುಂದೆ ನೋಡಿ, "ಗಾಡಿ ಎಲ್ಲಿ ಅಕ್ಕಾ?" ಅಂದ. ಬ್ಯಾಗಿನಿಂದ ಪ್ಯಾಡಲ್ ತೆಗೆದೆ. ದುಡ್ಡೂ ತಗೊಳ್ಳದೆ ಒಂದು ಪಟ್ಟಿಯನ್ನೇ ಕೊಟ್ಟ. ಎರಡು ಕಡೆಯೂ ಒಂದೊಂದು ತುಂಡು ಅಂಟಿಸಿ, ಮೇಲೆ ಟೇಪ್ ಸುತ್ತಿ ಆಡಿದೆ. ಅಂಚಿಗೆ ಬಿದ್ದ ಚೆಂಡೂ ನೆಟ್ ದಾಟತೊಡಗಿತು. ಒಂದೊಂದು ತುಂಡು ಜಾಸ್ತಿ ಮಾಡಿ ನೋಡಿದೆ, ಮೂರನೇ ಗೇಮ್ ಹೊತ್ತಿಗೆ ಕೈ ಸೋತಿತು. ಒಟ್ಟು 10 ಗ್ರಾಂ ನನಗೆ ಸರಿ ಅಂತಾಯಿತು. ಆ ತುಂಡುಗಳು ದಪ್ಪ, ಕಬ್ಬಿಣದ್ದು ಬೇರೆ, ನಮ್ಮ ಹವೆಗೆ ತುಕ್ಕು ಗ್ಯಾರಂಟಿ. ಆಮೇಲೆ ಅಷ್ಟೇ ತೂಕದ ಸೀಸದ ಪಟ್ಟಿ ತರಿಸಿ ಅಂಟಿಸಿದೆ. ಸೀಸ ವಿಷ, ಅಂಟಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮೇಲೆ ಟೇಪ್ ಮುಚ್ಚಿ, ಮಕ್ಕಳ ಕೈಗೆ ಕೊಡಬೇಡಿ. ಟೂರ್ನಮೆಂಟ್ ಆಡುವವರು ಪಟ್ಟಿ ಅಂಚಿನಿಂದ ಅರ್ಧ ಇಂಚಿಗಿಂತ ಒಳಗೆ ಬರದ ಹಾಗೆ ನೋಡಿಕೊಳ್ಳಿ.

ಇಷ್ಟೆಲ್ಲ ಮುದ್ದು ಮಾಡಿದ್ದಕ್ಕೆ ಪ್ಯಾಡಲ್‌ನ ಮುಖ ನನಗೆ ಕೈ ಕೊಟ್ಟಿತು. ರಾ ಕಾರ್ಬನ್‌ಗೆ ಜಾಸ್ತಿ ದುಡ್ಡು ಕೊಡುವುದು ಅದರ ತರಿತರಿಗೆ. ಚೆಂಡನ್ನು ಕಚ್ಚಿ ಸ್ಪಿನ್ ಕೊಡುವುದು ಅದೇ. ಹೊಸತರಲ್ಲಿ ನನ್ನ ಸ್ಲೈಸ್ ಸರ್ವ್ ಬಿದ್ದ ಮೇಲೆ ಹೊರಗೆ ತಿರುಗುತ್ತಿತ್ತು, ಎದುರಿನವರು ತಡವರಿಸುತ್ತಿದ್ದರು. ಈಗ ಮುಖದ ಮಧ್ಯಭಾಗ ನುಣ್ಣಗೆ, ಉಗುರಲ್ಲಿ ಕೆರೆದರೆ ಸದ್ದೇ ಬರುವುದಿಲ್ಲ. ಚೆಂಡಿನ ಪ್ಲಾಸ್ಟಿಕ್ ಮೆತ್ತಿಕೊಂಡಿದ್ದರೆ ಕಾರ್ಬನ್ ಉಜ್ಜುವ ರಬ್ಬರ್‌ನಿಂದ ಹೋಗುತ್ತದೆ. ಸವೆದಿದ್ದು ಎಷ್ಟು ಉಜ್ಜಿದರೂ ಬರುವುದಿಲ್ಲ. ಮಾರಿದವರಿಗೆ ಬರೆದೆ. ಸವೆತ ವಾರಂಟಿಯಲ್ಲಿ ಇಲ್ಲವಂತೆ, ಬೇಕಾದರೆ ನನ್ನ ಖರ್ಚಿನಲ್ಲಿ ಕೊರಿಯರ್ ಮಾಡಿದರೆ "ಪರಿಶೀಲಿಸುತ್ತಾರಂತೆ". ಮಾರುವಾಗ ಸ್ಪಿನ್ ಅಂತ ಎಂಟು ಸಲ ಬರೆಯುವವರು, ಅದು ಎಷ್ಟು ಕಾಲ ಬರುತ್ತದೆ ಅಂತ ಒಂದು ಸಾಲು ಬರೆದರೆ ಏನು ಕಳಕೊಳ್ಳುತ್ತಾರೆ?

ಸ್ಪಿನ್ ಮೇಲೇ ಬದುಕುವ ಆಟಗಾರರಾದರೆ ಇದನ್ನು ಕೊಳ್ಳಬೇಡಿ. ಅಥವಾ ವರ್ಷಕ್ಕೊಂದು ಪ್ಯಾಡಲ್ ಅಂತ ಲೆಕ್ಕ ಇಟ್ಟುಕೊಳ್ಳಿ. ನನ್ನ ಡಿಂಕ್, ಡ್ರಾಪ್, ಬ್ಲಾಕ್ (ಚೆಂಡನ್ನು ಮೆತ್ತಗೆ ನೆಟ್ ಆಚೆ ಇಳಿಸುವ ಹೊಡೆತಗಳು) ಯಾವುದಕ್ಕೂ ತೊಂದರೆಯಾಗಿಲ್ಲ, ಅದಕ್ಕೆ ಬೇಕಿರುವುದು ದಪ್ಪ ಒಳಭಾಗ ಮತ್ತು ಕೈಗೆ ಸರಿಯಾದ ಹಿಡಿ. ಸರ್ವ್ ಈಗ ಸ್ಲೈಸ್ ಬಿಟ್ಟು ಉದ್ದಕ್ಕೆ ಹಾಕುತ್ತೇನೆ. ಮೇಷ್ಟ್ರಿಗೆ ಅದೇ ಖುಷಿ, ಮೊದಲಿನಷ್ಟು ಹೊರಗೆ ಹೋಗುವುದಿಲ್ಲವಂತೆ.

ಐದಕ್ಕೆ ಮೂರು ಸ್ಟಾರ್. ಗ್ರಿಪ್‌ಗೆ ಒಂದು, ಮುಖಕ್ಕೆ ಒಂದು ಕಡಿತ. ಮುಂದಿನ ಪ್ಯಾಡಲ್ ಇದೇ ದಪ್ಪದ್ದು, ಇಷ್ಟೇ ಉದ್ದದ ಹಿಡಿಯದ್ದು, ಆದರೆ ಅಗ್ಗದ ಮುಖದ್ದು ತಗೊಳ್ಳುತ್ತೇನೆ. ಉಳಿದ ದುಡ್ಡಿಗೆ ಎರಡು ಮಳೆಗಾಲಕ್ಕಾಗುವಷ್ಟು ಓವರ್‌ಗ್ರಿಪ್ ಬರುತ್ತದೆ.