ಥೆಲ್ಮಾ ರಿಟ್ಟರ್ ಅವರಿಗಾಗಿ ಕೊಂಡ ಒಂದು ಬ್ಲೂ-ರೇ

ಹಳೆಯ ಶ್ರೇಷ್ಠ ಚಿತ್ರಗಳನ್ನು ಡಿಸ್ಕಿನಲ್ಲಿ ಹೊರತರುವ ಅಮೆರಿಕದ ಕ್ರೈಟೀರಿಯನ್ ಸಂಸ್ಥೆ 2021ರಲ್ಲಿ ಬ್ಲೂ-ರೇ ರೂಪದಲ್ಲಿ ಹೊರತಂದ ‘ಪಿಕಪ್ ಆನ್ ಸೌತ್ ಸ್ಟ್ರೀಟ್’ ಚಿತ್ರದ ಡಿಸ್ಕನ್ನು ನಾನು ಕೊಂಡದ್ದು ನಾಯಕ ರಿಚರ್ಡ್ ವಿಡ್ಮಾರ್ಕ್ ಅವರಿಗಾಗಿಯೂ ಅಲ್ಲ, ನಿರ್ದೇಶಕ ಸ್ಯಾಮ್ಯುಯೆಲ್ ಫುಲ್ಲರ್ ಅವರ ಹೆಸರಿಗಾಗಿಯೂ ಅಲ್ಲ. ತಾರಾಗಣದ ಸಾಲಿನಲ್ಲಿ ಮೂರನೆಯವರಾಗಿ ಬರುವ ಥೆಲ್ಮಾ ರಿಟ್ಟರ್ ಅವರಿಗಾಗಿ. 1953ರ ಈ ಕಪ್ಪು-ಬಿಳುಪು ಚಿತ್ರದ ಅವಧಿ 80 ನಿಮಿಷ. ಅದರಲ್ಲಿ ಅವರು ಕಾಣಿಸಿಕೊಳ್ಳುವುದು ಕೆಲವೇ ದೃಶ್ಯಗಳಲ್ಲಿ. ಆದರೂ ಚಿತ್ರ ಮುಗಿದ ಮೇಲೆ ನನ್ನ ಮನಸ್ಸಿನಲ್ಲಿ ನಿಂತದ್ದು ಕಿಸೆಗಳ್ಳನ ಕೈಚಳಕವಲ್ಲ, ಗೂಢಚಾರರ ಬೆನ್ನಟ್ಟುವಿಕೆಯೂ ಅಲ್ಲ. ಟೈಗಳ ಪೆಟ್ಟಿಗೆಯನ್ನು ಹೊತ್ತು ರಾತ್ರಿ ತನ್ನ ಕೋಣೆಗೆ ಹಿಂದಿರುಗುವ ಒಬ್ಬ ದಣಿದ ಹೆಂಗಸು.

ಕನ್ನಡದಲ್ಲಿ ನಾವು ಇಂಥ ಕಲಾವಿದರನ್ನು ಪೋಷಕ ನಟಿ ಎನ್ನುತ್ತೇವೆ. ಆ ಪದವನ್ನು ದಿನವೂ ಬಳಸುತ್ತಾ ಅದರ ಅರ್ಥವನ್ನು ಮರೆತಿದ್ದೇವೆ. ಪೋಷಿಸುವವರು ಎಂದರೆ ಉಣಿಸಿ ಬೆಳೆಸುವವರು. ಅವರಿಲ್ಲದಿದ್ದರೆ ಮಿಕ್ಕದ್ದು ಸೊರಗುತ್ತದೆ. ರಿಟ್ಟರ್ ಅವರು ತಮ್ಮ ಚಿತ್ರಗಳಲ್ಲಿ ಮಾಡಿದ್ದು ಅಕ್ಷರಶಃ ಈ ಕೆಲಸವನ್ನೇ. ಅವರು ಪ್ರವೇಶಿಸಿದ ಕೂಡಲೇ ಎದುರಿಗಿರುವ ತಾರೆಯ ಮಾತು ಸಹಜವಾಗುತ್ತದೆ, ಸೆಟ್ಟಿನ ಗೋಡೆಗಳ ಹಿಂದೆ ಒಂದು ಅಡುಗೆಮನೆಯಿದೆ, ತಿಂಗಳ ಬಾಡಿಗೆಯ ಚಿಂತೆಯಿದೆ ಎಂಬ ನಂಬಿಕೆ ನೋಡುವವರಲ್ಲಿ ಹುಟ್ಟುತ್ತದೆ.

ಅವರು ಹುಟ್ಟಿದ್ದು 1902ರಲ್ಲಿ, ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ. ನಟನೆಯ ಶಿಕ್ಷಣ ಪಡೆದು ರಂಗಭೂಮಿಯಲ್ಲಿ ದುಡಿದು, ಮಕ್ಕಳನ್ನು ಬೆಳೆಸುವ ಸಲುವಾಗಿ ಕೆಲವು ವರ್ಷ ದೂರವಿದ್ದು, ರೇಡಿಯೊ ನಾಟಕಗಳ ಮೂಲಕ ಮತ್ತೆ ವೃತ್ತಿಗೆ ಬಂದವರು. ಸಿನಿಮಾಕ್ಕೆ ಕಾಲಿಟ್ಟಾಗ ವಯಸ್ಸು 45. 1947ರ ‘ಮಿರಾಕಲ್ ಆನ್ 34ತ್ ಸ್ಟ್ರೀಟ್’ ಚಿತ್ರದಲ್ಲಿ ಮಗನಿಗೆ ಆಟಿಕೆ ಹುಡುಕಿ ಕಾಲು ಸೋತ ಒಬ್ಬ ತಾಯಿಯ ಪುಟ್ಟ ಪಾತ್ರ ಅವರದು. ಹೆಸರುಪಟ್ಟಿಯಲ್ಲಿ ಅವರ ಹೆಸರೂ ಇಲ್ಲ. ಅಲ್ಲಿಂದ ಆರು ವರ್ಷಗಳೊಳಗೆ, 1950ರಿಂದ 1953ರವರೆಗಿನ ನಾಲ್ಕೂ ವರ್ಷಗಳ ಚಿತ್ರಗಳಿಗಾಗಿ ಅವರು ಸಾಲಾಗಿ ಆಸ್ಕರ್ ನಾಮನಿರ್ದೇಶನ ಪಡೆದರು. ಮುಂದೆ 1959 ಮತ್ತು 1962ರ ಚಿತ್ರಗಳಿಗೂ ಸೇರಿ ಒಟ್ಟು ಆರು ಬಾರಿ ಪೋಷಕ ನಟಿಯ ವಿಭಾಗದಲ್ಲಿ ಅವರ ಹೆಸರು ಬಂತು, ಒಮ್ಮೆಯೂ ಪ್ರಶಸ್ತಿ ಬರಲಿಲ್ಲ. ನಾಲ್ಕನೆಯ ನಾಮನಿರ್ದೇಶನ ‘ಪಿಕಪ್ ಆನ್ ಸೌತ್ ಸ್ಟ್ರೀಟ್’ ಚಿತ್ರಕ್ಕೆ. ಡಿಸ್ಕನ್ನು ನೋಡಿ ಮುಗಿಸಿದ ಮೇಲೆ ಆ ನಿರ್ಣಯವನ್ನು ಒಪ್ಪಿಕೊಳ್ಳುವುದು ನನಗಂತೂ ಸಾಧ್ಯವಾಗಲಿಲ್ಲ.

ಕಥೆಯನ್ನು ಚುಟುಕಾಗಿ ಹೇಳುವುದಾದರೆ, ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಸ್ಕಿಪ್ ಎಂಬ ಕಿಸೆಗಳ್ಳ ಕ್ಯಾಂಡಿ ಎಂಬ ಯುವತಿಯ ಕೈಚೀಲದಿಂದ ಹಣದ ಪರ್ಸನ್ನು ಎಗರಿಸುತ್ತಾನೆ. ಅದರೊಳಗೆ ಕಮ್ಯುನಿಸ್ಟ್ ಗೂಢಚಾರರಿಗೆ ತಲುಪಬೇಕಾಗಿದ್ದ ಸರ್ಕಾರಿ ರಹಸ್ಯದ ಫಿಲ್ಮ್ ಇದೆ ಎಂಬುದು ಅವನಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಕಳ್ಳ ಯಾರೆಂದು ಪತ್ತೆ ಹಚ್ಚಲು ಪೊಲೀಸರು ಮೋ ಎಂಬಾಕೆಯನ್ನು ಕರೆಸುತ್ತಾರೆ. ಮೋ ಟೈಗಳನ್ನು ಮಾರುತ್ತಾಳೆ, ಅದರ ಜೊತೆಗೆ ಸುಳಿವುಗಳನ್ನೂ ಮಾರುತ್ತಾಳೆ. ಪೊಲೀಸರಿಗೂ ಮಾರುತ್ತಾಳೆ, ಕಳ್ಳನನ್ನು ಹುಡುಕಿಕೊಂಡು ಬಂದ ಯುವತಿಗೂ ಮಾರುತ್ತಾಳೆ. ಆ ಹಣವನ್ನೆಲ್ಲ ಕೂಡಿಡುತ್ತಿರುವುದು ತನ್ನದೇ ಶವಸಂಸ್ಕಾರಕ್ಕೆ. ದಿಕ್ಕಿಲ್ಲದವರನ್ನು ಹೂಳುವ ಸಾರ್ವಜನಿಕ ಸ್ಮಶಾನಕ್ಕೆ ತನ್ನ ಹೆಣ ಹೋಗಬಾರದು, ಲಾಂಗ್ ಐಲೆಂಡಿನಲ್ಲಿ ಒಂದು ಒಳ್ಳೆಯ ಜಾಗದಲ್ಲಿ ತನ್ನ ಹೆಸರಿನ ಕಲ್ಲಿನ ಕೆಳಗೆ ಮಲಗಬೇಕು ಎಂಬುದೊಂದೇ ಅವಳ ಆಸೆ.

ಇದನ್ನು ಓದಿದವರಿಗೆ ಕರುಣೆ ಹಿಂಡುವ ಪಾತ್ರ ಎನ್ನಿಸಬಹುದು. ರಿಟ್ಟರ್ ಅವರು ಅದಕ್ಕೆ ಅವಕಾಶವನ್ನೇ ಕೊಡುವುದಿಲ್ಲ. ಪೊಲೀಸ್ ಠಾಣೆಯ ಮೊದಲ ದೃಶ್ಯದಲ್ಲಿ ಮೋ ಬರುವುದು ವ್ಯಾಪಾರಕ್ಕೆ ಬಂದವಳಂತೆ. ಕಳ್ಳತನ ನಡೆದ ರೀತಿಯನ್ನು ವಿವರವಾಗಿ ಕೇಳಿ ತಿಳಿದು, ಇಂಥ ಕೈ ಯಾರದಿರಬಹುದು ಎಂದು ಲೆಕ್ಕ ಹಾಕುವಾಗ ಅವಳ ಮುಖದಲ್ಲಿ ಕಾಣುವುದು ಕಸುಬು ಬಲ್ಲವಳ ಏಕಾಗ್ರತೆ. ಬೆಲೆಯ ಚೌಕಾಸಿಯಲ್ಲಿ ಅಂಜಿಕೆಯಿಲ್ಲ, ಅತಿವಿನಯವಿಲ್ಲ. ಸಾವಿನ ಖರ್ಚಿನ ವಿಷಯವನ್ನು ಕೂಡ, ಮಳೆಗಾಲಕ್ಕೆ ಮುಂಚೆ ಸೂರು ರಿಪೇರಿ ಮಾಡಿಸಬೇಕು ಎನ್ನುವವರ ಧಾಟಿಯಲ್ಲಿ ಹೇಳುತ್ತಾಳೆ. ಆ ಸಾರ್ವಜನಿಕ ಸ್ಮಶಾನದಲ್ಲಿ ಹೂತರೆ ತನ್ನ ಜೀವವೇ ಹೋದೀತು ಎಂಬ ಅರ್ಥದ ಮಾತೊಂದು ಚಿತ್ರದಲ್ಲಿದೆ. ನಗು ಉಕ್ಕಿಸುವ ಮಾತು. ಅದನ್ನು ರಿಟ್ಟರ್ ಅವರು ನಗಿಸಲೆಂದು ಆಡುವುದಿಲ್ಲ, ಹೇಳಬೇಕಾದ ಸಂಗತಿಯೆಂದು ಆಡುತ್ತಾರೆ. ನಾವು ನಕ್ಕು ಮುಗಿಸುವಷ್ಟರಲ್ಲಿ ಆ ಸಂಗತಿ ನಮ್ಮೊಳಗೆ ಇಳಿದಿರುತ್ತದೆ.

ಈ ಡಿಸ್ಕಿನ ಗುಣಮಟ್ಟದ ಪ್ರಶ್ನೆ ಇಲ್ಲಿ ಮುಖ್ಯವಾಗುತ್ತದೆ. 4ಕೆ ಎಂಬ ಅತಿ ಹೆಚ್ಚಿನ ಸ್ಪಷ್ಟತೆಯ ಮಟ್ಟದಲ್ಲಿ ಪುನರುಜ್ಜೀವನಗೊಳಿಸಿದ ಚಿತ್ರರೂಪ ಇದರಲ್ಲಿದೆ, ಧ್ವನಿಯನ್ನು ಸಂಕುಚಿತಗೊಳಿಸದ ಮೂಲ ಏಕವಾಹಿನಿಯಲ್ಲೇ (ಮೋನೊ) ಕೊಟ್ಟಿದ್ದಾರೆ. ಛಾಯಾಗ್ರಾಹಕ ಜೋ ಮ್ಯಾಕ್‌ಡೊನಾಲ್ಡ್ ಅವರು ಮುಖಗಳ ತೀರಾ ಹತ್ತಿರಕ್ಕೆ ಕ್ಯಾಮೆರಾವನ್ನು ಒಯ್ದಿರುವ ಚಿತ್ರವಿದು. ಹಾಗಾಗಿ ಬಿಂಬದ ಸ್ಪಷ್ಟತೆ ಇಲ್ಲಿ ಕೇವಲ ಅಲಂಕಾರದ ಮಾತಲ್ಲ. ರಿಟ್ಟರ್ ಅವರ ಕಣ್ಣಿನ ಕೆಳಗಿನ ಊತ, ಹಳೆಯ ಉಡುಪಿನ ಒರಟು ನೇಯ್ಗೆ, ಮಾತು ಮುಗಿದ ಮೇಲೂ ಒಂದು ಕ್ಷಣ ಬಿಗಿಯಾಗಿಯೇ ಉಳಿಯುವ ತುಟಿಗಳು ಎಲ್ಲವೂ ಕಾಣುತ್ತವೆ. ಫಿಲ್ಮಿನ ಬಿಂಬದಲ್ಲಿ ಸಹಜವಾಗಿ ಕಾಣುವ ಸಣ್ಣ ಕಣಗಳನ್ನು (ಗ್ರೇನ್) ಒರೆಸಿ ನುಣುಪು ಮಾಡದೆ ಹಾಗೆಯೇ ಉಳಿಸಿರುವುದಕ್ಕೆ ಪುನರುಜ್ಜೀವನ ಮಾಡಿದವರಿಗೆ ಕೃತಜ್ಞತೆ ಹೇಳಬೇಕು. ಮುಖವನ್ನು ಮೇಣದಂತೆ ನುಣುಪಾಗಿಸಿದ್ದರೆ ಬೇರೆ ಯಾವ ನಟಿಗಿಂತಲೂ ಹೆಚ್ಚಿನ ನಷ್ಟ ಇವರಿಗೇ ಆಗುತ್ತಿತ್ತು. ಇಂಗ್ಲಿಷ್ ಅಡಿಬರಹಗಳೂ ಇವೆ. ಮೋ ಆಡುವ ನ್ಯೂಯಾರ್ಕಿನ ಬೀದಿಯ ಇಂಗ್ಲಿಷನ್ನು ರಿಟ್ಟರ್ ಅವರು ಬಲು ವೇಗವಾಗಿ ಉದುರಿಸುವುದರಿಂದ, ಮೊದಲ ಸಲ ನೋಡುವವರು ಅಡಿಬರಹವನ್ನು ಹಾಕಿಕೊಳ್ಳುವುದೇ ಮೇಲು. ಎರಡನೆಯ ಸಲ ಅದನ್ನು ತೆಗೆದು ದನಿಯ ಏರಿಳಿತವನ್ನಷ್ಟೇ ಕೇಳಬಹುದು. ಬ್ಲೂ-ರೇ ಡಿಸ್ಕುಗಳನ್ನು ಜಗತ್ತಿನ ಬೇರೆ ಬೇರೆ ವಲಯಗಳಿಗೆ ಪ್ರತ್ಯೇಕವಾಗಿ ತಯಾರಿಸುವುದುಂಟು, ಅಮೆರಿಕದ ಈ ಆವೃತ್ತಿ ‘ಎ’ ವಲಯದ ಪ್ಲೇಯರುಗಳಿಗೆ ಸಿದ್ಧಪಡಿಸಿದ್ದು. ಕೊಳ್ಳುವ ಮುಂಚೆ ತಮ್ಮ ಪ್ಲೇಯರ್ ಯಾವ ವಲಯದ್ದೆಂದು ನೋಡಿಕೊಳ್ಳುವುದು ಒಳ್ಳೆಯದು.

ಮುಂದಿನ ಎರಡು ಮೂರು ಪರಿಚ್ಛೇದಗಳಲ್ಲಿ ಮೋಳ ಕಥೆ ಎಲ್ಲಿ ಮುಗಿಯುತ್ತದೆ ಎಂಬುದನ್ನು ಹೇಳಲೇಬೇಕಾಗಿದೆ. ಚಿತ್ರವನ್ನು ಇನ್ನೂ ನೋಡಿಲ್ಲದವರು ನೋಡಿ ಬಂದು ಓದಿದರೆ ಅವರಿಗೇ ಲಾಭ.

ಗೂಢಚಾರರ ಪರವಾಗಿ ಫಿಲ್ಮಿಗಾಗಿ ಹುಡುಕುತ್ತಿರುವ ಜೋಯಿ ಎಂಬಾತ ಸ್ಕಿಪ್‌ನ ವಿಳಾಸ ಕೇಳಿಕೊಂಡು ಮೋಳ ಕೋಣೆಗೆ ಬರುತ್ತಾನೆ. ಅಷ್ಟು ಹೊತ್ತಿಗೆ ಮೋ ದಿನದ ತಿರುಗಾಟ ಮುಗಿಸಿ, ಗ್ರಾಮಫೋನಿನಲ್ಲಿ ಹಳೆಯ ಹಾಡೊಂದನ್ನು ಹಾಕಿ, ಹಾಸಿಗೆಗೆ ಒರಗಿದ್ದಾಳೆ. ಎಲ್ಲರಿಗೂ ಎಲ್ಲವನ್ನೂ ಮಾರುತ್ತಿದ್ದ ಅವಳು ಈ ಒಂದು ವಿಳಾಸವನ್ನು ಮಾತ್ರ ಮಾರಲು ಒಪ್ಪುವುದಿಲ್ಲ. ಬಂದೂಕಿನ ಮುಂದೆ ಕುಳಿತು ಅವಳು ಆಡುವ ಮಾತುಗಳಲ್ಲಿ ಧೈರ್ಯದ ಘೋಷಣೆ ಒಂದೂ ಇಲ್ಲ. ತಾನು ಕೀಲಿ ಇಳಿಯುತ್ತಿರುವ ಹಳೆಯ ಗಡಿಯಾರ ಎನ್ನುತ್ತಾಳೆ, ತುಂಬಾ ಸುಸ್ತಾಗಿದೆ ಎನ್ನುತ್ತಾಳೆ, ನೆಟ್ಟಗೆ ಸಾಯುವುದಕ್ಕಾಗಿ ದುಡಿದು ಬದುಕಬೇಕಾಗಿದೆ ಎನ್ನುತ್ತಾಳೆ. ಗುಂಡು ಹೊಡೆದರೆ ಅದು ತನಗೊಂದು ಉಪಕಾರ ಎನ್ನುವಲ್ಲಿಗೆ ಮಾತು ಬಂದು ನಿಲ್ಲುತ್ತದೆ. ಕ್ಯಾಮೆರಾ ಅವಳನ್ನು ಬಿಟ್ಟು ತಿರುಗುತ್ತಿರುವ ರೆಕಾರ್ಡಿನತ್ತ ಸರಿಯುತ್ತದೆ. ಸದ್ದು ಮಾತ್ರ ನಮಗೆ ಕೇಳುತ್ತದೆ.

ಈ ದೃಶ್ಯವನ್ನು ನಾನು ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ನೋಡಿದ್ದೇನೆ. ದಣಿವನ್ನು ಅಭಿನಯಿಸುವವರು ಸಾಮಾನ್ಯವಾಗಿ ಮಾತನ್ನು ನಿಧಾನ ಮಾಡುತ್ತಾರೆ, ಭುಜ ಇಳಿಬಿಡುತ್ತಾರೆ, ನಿಟ್ಟುಸಿರು ಬಿಡುತ್ತಾರೆ. ರಿಟ್ಟರ್ ಅವರು ಹಾಗೆ ಮಾಡುವುದಿಲ್ಲ. ಅವರ ಮೋ ಈಗಲೂ ಚೌಕಾಸಿಯ ಧಾಟಿಯಲ್ಲೇ ಮಾತಾಡುತ್ತಾಳೆ. ಆದರೆ ಆ ಧಾಟಿಯ ಹಿಂದಿದ್ದ ಹುರುಪು ಒಳಗಿನಿಂದ ಸೋರಿಹೋಗಿದೆ. ಮೊದಲ ದೃಶ್ಯದಲ್ಲಿ ನಮ್ಮನ್ನು ನಗಿಸಿದ ಅದೇ ದನಿ, ಅದೇ ಒರಟು ಉಚ್ಚಾರ, ಈಗ ಕೇಳಲಾಗದಷ್ಟು ಭಾರವಾಗಿದೆ. ಕಣ್ಣಲ್ಲಿ ನೀರು ತುಂಬಿದ್ದರೂ ಅದನ್ನು ಎದುರಿಗಿರುವವನ ಮುಂದೆ ಒಡ್ಡಿ ಬೇಡುವುದಿಲ್ಲ. ಹಾಸ್ಯಕ್ಕೆಂದು ಎಲ್ಲರೂ ಕರೆಯುತ್ತಿದ್ದ ಒಬ್ಬ ನಟಿಯೊಳಗೆ ಇಷ್ಟು ಆಳ ಇದ್ದುದನ್ನು ಕಂಡು ಇಡೀ ದೃಶ್ಯವನ್ನು ಅವರ ಕೈಗೆ ಒಪ್ಪಿಸಿದ ಫುಲ್ಲರ್ ಅವರ ಕಣ್ಣನ್ನು ಮೆಚ್ಚಬೇಕು. ಹದಿಹರೆಯದಲ್ಲೇ ನ್ಯೂಯಾರ್ಕಿನ ಪತ್ರಿಕೆಗೆ ಅಪರಾಧ ಸುದ್ದಿಗಳನ್ನು ಬರೆದವರು ಅವರು. ಮೋಳಂಥವರನ್ನು ಹತ್ತಿರದಿಂದ ಬಲ್ಲವರ ಬರಹ ಇದು ಎಂಬುದು ಸಾಲು ಸಾಲಿನಲ್ಲೂ ತಿಳಿಯುತ್ತದೆ.

ಚಿತ್ರದ ರಾಜಕೀಯವನ್ನು ಕುರಿತು ಆಗಲೂ ಈಗಲೂ ಚರ್ಚೆ ನಡೆದಿದೆ. ಫ್ರಾನ್ಸಿನಲ್ಲಿ ಬಿಡುಗಡೆಯಾದಾಗ ಮಾತುಗಳನ್ನು ಬದಲಿಸಿ ಕಮ್ಯುನಿಸ್ಟರ ಜಾಗದಲ್ಲಿ ಮಾದಕವಸ್ತು ಸಾಗಿಸುವವರನ್ನು ತಂದರು ಎಂಬುದು ಚಿತ್ರೇತಿಹಾಸ ಓದಿದವರಿಗೆ ಗೊತ್ತಿರುವ ವಿಚಾರ. ಅಷ್ಟು ದೊಡ್ಡ ಬದಲಾವಣೆಯಾದರೂ ಮೋಳ ನಿರಾಕರಣೆಯ ಅರ್ಥ ಕೆಡಲಾರದು ಎಂದೇ ನನ್ನ ಭಾವನೆ. ಏಕೆಂದರೆ ಕಮ್ಯುನಿಸ್ಟರ ಬಗ್ಗೆ ತನಗೇನೂ ತಿಳಿಯದು, ಅವರು ತನಗೆ ಹಿಡಿಸುವುದಿಲ್ಲ ಅಷ್ಟೇ ಎಂದು ಅವಳೇ ಹೇಳುತ್ತಾಳೆ. ರಿಟ್ಟರ್ ಅವರು ಆ ಮಾತನ್ನು ಸಿದ್ಧಾಂತವನ್ನಾಗಿ ಮಾಡದೆ, ತಾನು ಮಗನಂತೆ ಕಂಡ ಹುಡುಗನೊಬ್ಬನನ್ನು ಸಾವಿಗೆ ಒಪ್ಪಿಸಲಾರದವಳ ಹಟವನ್ನಾಗಿ ಆಡುತ್ತಾರೆ. ಆ ಹುಡುಗನೂ ಇವಳನ್ನು ಅರಿತವನೇ. ಇವಳೇ ತನ್ನ ಸುಳಿವು ಮಾರಿದಳೆಂದು ತಿಳಿದಾಗ ಅವನು ಸಿಟ್ಟಾಗುವುದಿಲ್ಲ. ಅವಳಿಗೂ ಹೊಟ್ಟೆ ತುಂಬಬೇಕಲ್ಲ ಎನ್ನುತ್ತಾನೆ. ಕೊನೆಗೆ, ಅನಾಥ ಶವಗಳ ಪೆಟ್ಟಿಗೆಗಳನ್ನು ಒಯ್ಯುವ ದೋಣಿಯಿಂದ ಅವಳ ಪೆಟ್ಟಿಗೆಯನ್ನು ಕೇಳಿ ಬಿಡಿಸಿಕೊಂಡು ಬರುವವನೂ ಅವನೇ.

ಅವರ ಇತರ ಪಾತ್ರಗಳನ್ನು ಬಲ್ಲವರಿಗೆ ಈ ಚಿತ್ರ ಇನ್ನಷ್ಟು ಒದಗುತ್ತದೆ. 1950ರ ‘ಆಲ್ ಅಬೌಟ್ ಈವ್’ ಚಿತ್ರದಲ್ಲಿ ಬೆಟ್ಟಿ ಡೇವಿಸ್ ಅವರ ಪಾತ್ರಕ್ಕೆ ಉಡುಪು ತೊಡಿಸುವ ಬರ್ಡಿಯಾಗಿ, ಅಭಿಮಾನಿಯೆಂದು ಹೇಳಿಕೊಂಡು ಒಳಸೇರುವ ಈವ್‌ಳ ಸೋಗನ್ನು ಎಲ್ಲರಿಗಿಂತ ಮೊದಲು ಗ್ರಹಿಸುವವರು ಇವರೇ. 1954ರ ‘ರಿಯರ್ ವಿಂಡೋ’ದಲ್ಲಿ ಕಾಲು ಮುರಿದು ಕುಳಿತ ಜೇಮ್ಸ್ ಸ್ಟೂವರ್ಟ್ ಅವರ ಬೆನ್ನು ತಿಕ್ಕುತ್ತಲೇ ಬುದ್ಧಿ ಹೇಳುವ ದಾದಿ ಸ್ಟೆಲ್ಲಾ ಆಗಿ, ಆತ ತಿಂಡಿ ತಿನ್ನುತ್ತಿರುವಾಗಲೇ ಎದುರು ಮನೆಯವನು ಹೆಣವನ್ನು ಎಲ್ಲಿ ಕತ್ತರಿಸಿರಬಹುದೆಂದು ನಿರ್ವಿಕಾರವಾಗಿ ವಿವರಿಸುತ್ತಾರೆ. ಟೆಲಿವಿಷನ್ನಿನಲ್ಲಿ 1955ರಲ್ಲಿ ನೇರ ಪ್ರಸಾರವಾದ ಪ್ಯಾಡಿ ಚಯೆಫ್ಸ್ಕಿ ಅವರ ‘ದ ಕೇಟರ್ಡ್ ಅಫೇರ್’ ನಾಟಕದಲ್ಲಿ ಮಗಳ ಮದುವೆಯನ್ನು ಶಕ್ತಿ ಮೀರಿ ಅದ್ದೂರಿಯಾಗಿ ಮಾಡಹೊರಟ ತಾಯಿಯ ಪಾತ್ರ ಇವರದಾಗಿತ್ತು, ಅದಕ್ಕೆ ಟೆಲಿವಿಷನ್ನಿನ ಎಮ್ಮಿ ಪ್ರಶಸ್ತಿಯ ನಾಮನಿರ್ದೇಶನವೂ ದೊರೆಯಿತು. ಮರುವರ್ಷ ಅದೇ ಕಥೆ ಸಿನಿಮಾ ಆದಾಗ ಆ ಪಾತ್ರ ಬೆಟ್ಟಿ ಡೇವಿಸ್ ಅವರಿಗೆ ಹೋಯಿತು. ಹಿಂದೆ ಯಾರಿಗೆ ಉಡುಪು ತೊಡಿಸಿದ್ದರೋ ಅವರೇ ಇವರ ಪಾತ್ರವನ್ನು ತೊಟ್ಟರು. ಡೇವಿಸ್ ಅವರು ದೊಡ್ಡ ನಟಿ, ಅದರಲ್ಲಿ ಎರಡು ಮಾತಿಲ್ಲ. ಆದರೂ ಈ ಸಂಗತಿ ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಡಿಸ್ಕಿನಲ್ಲಿರುವ ಪೂರಕ ಸಾಮಗ್ರಿಯಲ್ಲಿ ಬಹುಪಾಲು ಫುಲ್ಲರ್ ಅವರದು. 1989ರ ಸಂದರ್ಶನ, 1982ರ ಫ್ರೆಂಚ್ ಟೆಲಿವಿಷನ್ ಕಾರ್ಯಕ್ರಮ ಎರಡರಲ್ಲೂ ಅವರು ಹುಮ್ಮಸ್ಸಿನಿಂದ ಮಾತಾಡುತ್ತಾರೆ, ಕೇಳಲು ಚೆನ್ನಾಗಿದೆ. ವಿಮರ್ಶಕಿ ಇಮೊಜೆನ್ ಸಾರಾ ಸ್ಮಿತ್ ಅವರ ಸಂದರ್ಶನವೂ ಇದೆ. ರಿಟ್ಟರ್ ಅವರಿಗೆಂದೇ ಮೀಸಲಾದ ಒಂದು ಕಿರುಚಿತ್ರ ಇದ್ದಿದ್ದರೆ ನನ್ನಂಥವರ ಮನಸ್ಸು ತುಂಬುತ್ತಿತ್ತು. ಆ ಕೊರತೆಯನ್ನು ಬಹುಮಟ್ಟಿಗೆ ನೀಗಿಸುವುದು 1954ರ ರೇಡಿಯೊ ರೂಪಾಂತರ. ಅದರಲ್ಲಿ ನಾಯಕ ನಾಯಕಿಯರ ಪಾತ್ರಗಳಿಗೆ ಬೇರೆಯವರು ಬಂದಿದ್ದಾರೆ, ಮೋ ಮಾತ್ರ ರಿಟ್ಟರ್ ಅವರೇ. ಚಿತ್ರ ನೋಡಿದ ದಿನವೇ ಅದನ್ನು ಕೇಳಬಾರದು, ಒಂದೆರಡು ದಿನ ಬಿಟ್ಟು ದೀಪ ಆರಿಸಿ ಕೇಳಬೇಕು. ಮುಖವಿಲ್ಲ, ಟೈಗಳ ಪೆಟ್ಟಿಗೆಯಿಲ್ಲ, ಬೆಳಕು ನೆರಳಿನ ಸಹಾಯವಿಲ್ಲ. ಬ್ರೂಕ್ಲಿನ್ನಿನ ಆ ಗೊಗ್ಗರು ದನಿಯೊಂದೇ ಕತ್ತಲಲ್ಲಿ ಚೌಕಾಸಿ ಮಾಡುತ್ತಾ ಬರುತ್ತದೆ, ಅದರ ಹಿಂದೆಯೇ ಆ ಹೆಂಗಸು ಸುಸ್ತಾದ ಕಾಲುಗಳನ್ನು ಎಳೆದುಕೊಂಡು ಕೋಣೆಯೊಳಗೆ ಬಂದು ಕೂರುತ್ತಾಳೆ.