30 ಸಾವಿರದಲ್ಲಿ ಟ್ರೇಡಿಂಗ್: ಇಂಟ್ರಾಡೇ, ಆಪ್ಷನ್, ಸ್ವಿಂಗ್ ಮೂರನ್ನೂ ಮಾಡಿ ನೋಡಿದ ಮೇಲೆ

ನಾನು ಪೀಣ್ಯದಲ್ಲಿ ಮೆಷಿನ್ ಆಪರೇಟರ್. ಒಂದು ವಾರ ಫಸ್ಟ್ ಶಿಫ್ಟ್, ಇನ್ನೊಂದು ವಾರ ಸೆಕೆಂಡ್ ಶಿಫ್ಟ್. ಸೆಕೆಂಡ್ ಶಿಫ್ಟ್ ವಾರದಲ್ಲಿ ಮಧ್ಯಾಹ್ನ ಒಂದು ಗಂಟೆವರೆಗೂ ಮನೆಯಲ್ಲೇ ಇರುತ್ತೇನೆ, ಮಾರುಕಟ್ಟೆ ತೆರೆಯೋದು 9:15ಕ್ಕೆ. ಆ ನಾಲ್ಕು ಗಂಟೆಯಲ್ಲಿ ಏನಾದರೂ ಸಂಪಾದನೆ ಆಗಬಹುದಾ ಅಂತ ನೋಡೋಕೆ ಬೋನಸ್ ಹಣದಲ್ಲಿ 30,000 ರೂಪಾಯಿ ಬೇರೆ ಎತ್ತಿಟ್ಟೆ. ಹೋದರೂ ಮನೆ ಖರ್ಚಿಗೆ ತೊಂದರೆ ಆಗಬಾರದು ಅನ್ನೋದೊಂದೇ ಷರತ್ತು. 2025ರ ಜನವರಿಯಿಂದ ಅಕ್ಟೋಬರ್‌ವರೆಗೆ ನಾಲ್ಕು ದಾರಿ ನೋಡಿದೆ: ಮೊದಲು ಪೇಪರ್ ಟ್ರೇಡಿಂಗ್, ಆಮೇಲೆ ಷೇರಿನಲ್ಲಿ ಇಂಟ್ರಾಡೇ (ಕೊಂಡ ದಿನವೇ ಮಾರೋದು), ಆಮೇಲೆ ನಿಫ್ಟಿ (50 ದೊಡ್ಡ ಕಂಪನಿಗಳ ಷೇರು ಸೂಚ್ಯಂಕ) ಆಪ್ಷನ್ ಖರೀದಿ, ಕೊನೆಗೆ ಸ್ವಿಂಗ್ (ಕೆಲವು ವಾರ ಇಟ್ಟುಕೊಂಡು ಮಾರೋದು). ಪ್ರತಿ ಟ್ರೇಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಇಲ್ಲಿ ಕೊಡುವ ನನ್ನ ಲೆಕ್ಕವೆಲ್ಲ ಅದರದ್ದೇ.

ಪೇಪರ್ ಟ್ರೇಡಿಂಗ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಟ್ರೇಡಿಂಗ್‌ವ್ಯೂ ಅನ್ನೋ ಚಾರ್ಟ್ ಆ್ಯಪ್‌ನಲ್ಲಿ ಸುಳ್ಳು ಹಣ ಹಾಕಿ ಎರಡು ತಿಂಗಳು ಆಡಿದೆ. ಲಿಮಿಟ್ ಆರ್ಡರ್ (ನಾವು ಹೇಳಿದ ಬೆಲೆಗೆ) ಅಂದರೇನು, ಮಾರ್ಕೆಟ್ ಆರ್ಡರ್ (ಆಗ ಸಿಕ್ಕ ಬೆಲೆಗೆ) ಅಂದರೇನು, ಸ್ಟಾಪ್ ಲಾಸ್ (ನಷ್ಟ ಇಷ್ಟಕ್ಕೇ ನಿಲ್ಲಲಿ ಅಂತ ಮೊದಲೇ ಇಡುವ ಮಾರಾಟದ ಆರ್ಡರ್) ಎಲ್ಲಿ ಹಾಕಬೇಕು, ಐದು ನಿಮಿಷದ ಕ್ಯಾಂಡಲ್ (ಬೆಲೆಯ ಏರಿಳಿತ ತೋರಿಸುವ ಚಿತ್ರ) ಹೇಗೆ ಓದಬೇಕು, ಇಷ್ಟು ಕಲಿಯೋಕೆ ಅದು ಸಾಕು. ಎರಡು ವಾರ ಮಾಡಿ, ಬೆರಳು ತಪ್ಪದ ಹಾಗೆ ಅಭ್ಯಾಸ ಮಾಡಿಕೊಳ್ಳಿ. ಎರಡು ತಿಂಗಳು ಬೇಕಿಲ್ಲ. ಪೇಪರ್ ಮೇಲೆ ನಾನು ಒಳ್ಳೆ ಲಾಭದಲ್ಲಿದ್ದೆ. ನಿಜವಾದ ಹಣ ಹಾಕಿದ ಮೊದಲ ದಿನವೇ, 150 ರೂಪಾಯಿ ಕೆಳಗೆ ಹೋದಾಗ, ಪೇಪರ್ ಮೇಲೆ ಸುಮ್ನೆ ಕೂರುತ್ತಿದ್ದ ನಾನು ಸ್ಟಾಪ್ ಲಾಸ್ ಮುಟ್ಟುವ ಮೊದಲೇ ಮಾರಿಬಿಟ್ಟೆ.

ಈಗ ಇಂಟ್ರಾಡೇ. ಇಲ್ಲಿ ಎಲ್ಲರೂ ಹೇಳೋದು ಐದು ಪಟ್ಟು ಮಾರ್ಜಿನ್ ಬಗ್ಗೆ, ಅಂದರೆ ನಮ್ಮ ಹಣದ ಐದು ಪಟ್ಟು ಷೇರು ಕೊಳ್ಳೋಕೆ ಬ್ರೋಕರ್ ಬಿಡೋದು. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ಪೀಕ್ ಮಾರ್ಜಿನ್ ನಿಯಮ 2021ರ ಸೆಪ್ಟೆಂಬರ್‌ನಲ್ಲಿ ಪೂರ್ತಿ ಜಾರಿಗೆ ಬಂದ ಮೇಲೆ ಷೇರಿಗೆ ಐದು ಪಟ್ಟಿಗಿಂತ ಜಾಸ್ತಿ ಯಾರೂ ಕೊಡುವ ಹಾಗಿಲ್ಲ. ಅಂದರೆ 30,000ಕ್ಕೆ 1.5 ಲಕ್ಷದ ಷೇರು ಕೊಳ್ಳಬಹುದು. ಕೇಳೋಕೆ ಚೆನ್ನಾಗಿದೆ ಅಲ್ವಾ? ಆದರೆ ಚಾರ್ಜ್ ಬೀಳೋದು ನಮ್ಮ 30,000ದ ಮೇಲಲ್ಲ, ಆ 1.5 ಲಕ್ಷದ ಮೇಲೆ. ಕೊಂಡಾಗ 20, ಮಾರಿದಾಗ 20 ಬ್ರೋಕರೇಜ್, ಮಾರಿದ ಮೊತ್ತದ ಮೇಲೆ 0.025% ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ) ಅಂದರೆ ಸುಮಾರು 37 ರೂಪಾಯಿ, ಎಕ್ಸ್‌ಚೇಂಜ್ ಚಾರ್ಜ್ 9, ಸ್ಟಾಂಪ್ ಡ್ಯೂಟಿ ನಾಲ್ಕೂವರೆ, ಬ್ರೋಕರೇಜ್ ಮತ್ತು ಎಕ್ಸ್‌ಚೇಂಜ್ ಚಾರ್ಜಿನ ಮೇಲೆ 18% ಜಿಎಸ್‌ಟಿ. ಎಲ್ಲ ಸೇರಿ ಒಂದು ಸಲ ಕೊಂಡು ಮಾರಿದರೆ ಸುಮಾರು 100 ರೂಪಾಯಿ. ದಿನಕ್ಕೆ ನಾಲ್ಕು ಟ್ರೇಡ್, ತಿಂಗಳಿಗೆ 20 ದಿನ ಅಂದುಕೊಳ್ಳಿ. ಲಾಭವೂ ಆಗದೆ ನಷ್ಟವೂ ಆಗದೆ ನಿಂತರೂ 8,000 ರೂಪಾಯಿ ಹೋಯಿತು. ಬಂಡವಾಳದ ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ, ಒಂದೇ ತಿಂಗಳಲ್ಲಿ! ಇದನ್ನು ಯಾವ ವಿಡಿಯೋದಲ್ಲೂ ನನಗೆ ಯಾರೂ ಹೇಳಲಿಲ್ಲ. ಕಾಂಟ್ರಾಕ್ಟ್ ನೋಟ್ (ಬ್ರೋಕರ್ ಕಳಿಸುವ ಆ ದಿನದ ಬಿಲ್ಲು) ತೆಗೆದು ಸಾಲು ಸಾಲಾಗಿ ಕೂಡಿದಾಗ ಗೊತ್ತಾಯಿತು. ದಯವಿಟ್ಟು ನೀವೂ ಮೊದಲ ದಿನದ ಕಾಂಟ್ರಾಕ್ಟ್ ನೋಟ್ ತೆಗೆದು ಪೆನ್ನು ಹಿಡಿದು ಕೂತು ಕೂಡಿ ನೋಡಿ.

ನಾನು ದಿನಕ್ಕೆ ಎರಡೇ ಟ್ರೇಡ್ ಅಂತ ಇಟ್ಟುಕೊಂಡೆ. ಒಂದು ಟ್ರೇಡಿನಲ್ಲಿ 300 ರೂಪಾಯಿಗಿಂತ ಜಾಸ್ತಿ ಕಳೆದುಕೊಳ್ಳಬಾರದು, ಅಂದರೆ ಬಂಡವಾಳದ 1%. ಐಟಿಸಿ ಆಗ 420ರ ಆಸುಪಾಸಿನಲ್ಲಿತ್ತು. ಸ್ಟಾಪ್ ಲಾಸ್ ಮೂರು ರೂಪಾಯಿ ಕೆಳಗೆ ಇಟ್ಟರೆ 100 ಷೇರು ಕೊಳ್ಳಬಹುದು, ಐದು ಪಟ್ಟು ಮಾರ್ಜಿನ್ನಿಗೆ 8,400 ರೂಪಾಯಿ ಸಾಕು. ಕೊಂಡು ಮಾರಿದ್ದಕ್ಕೆ ಚಾರ್ಜ್ ಸುಮಾರು 45. ಅಂದರೆ ಷೇರು 45 ಪೈಸೆ ಮೇಲೆ ಹೋದ ನಂತರವೇ ನನ್ನ ಲಾಭ ಶುರು. ಹೀಗೆ ಮೊದಲು ನಷ್ಟ ಎಷ್ಟು ಅಂತ ಗೊತ್ತು ಮಾಡಿಕೊಂಡು, ಅದರಿಂದ ಎಷ್ಟು ಷೇರು ಅಂತ ಲೆಕ್ಕ ಹಾಕೋದು ಇಂಟ್ರಾಡೇ ಕಲಿಸಿದ ದೊಡ್ಡ ಪಾಠ. ಮಾರ್ಜಿನ್ ಎಷ್ಟು ಸಿಗುತ್ತದೆ ಅಂತ ನೋಡಿ ಅಷ್ಟೂ ಷೇರು ಕೊಂಡರೆ ಕಥೆ ಬೇರೆ: 1.5 ಲಕ್ಷದ ಮೇಲೆ 1% ಇಳಿದರೆ 1,500 ರೂಪಾಯಿ, ನಮ್ಮ ಹಣದ 5%.

ಮೊದಲ ಹದಿನೈದು ನಿಮಿಷ ಸುಮ್ನೆ ನೋಡಿ, ಕೈ ಹಾಕಬೇಡಿ. ಆ ಹೊತ್ತಿನಲ್ಲಿ ಬೆಲೆ ಎರಡೂ ಕಡೆ ಎಳೆದಾಡುತ್ತದೆ, ಮೂರು ರೂಪಾಯಿ ಸ್ಟಾಪ್ ಲಾಸ್ ಯಾವುದಕ್ಕೂ ಸಾಲೋದಿಲ್ಲ.

ನನಗೆ ಜಾಸ್ತಿ ನೋವು ಕೊಟ್ಟ ದಿನ ಒಂದಿದೆ. ಒಂದು ಮಿಡ್‌ಕ್ಯಾಪ್ ಷೇರು, 310ಕ್ಕೆ 150 ಷೇರು ಕೊಂಡಿದ್ದೆ. ಒಂದು ಗಂಟೆಗೆ ಬಸ್ ಹತ್ತಬೇಕು, ಷೇರು ಮೇಲೂ ಹೋಗಿಲ್ಲ ಕೆಳಗೂ ಬಂದಿಲ್ಲ. ಮಾರಿ ಹೋಗಬೇಕಿತ್ತು. ಸ್ಟಾಪ್ ಲಾಸ್ ಇದೆಯಲ್ಲ ಅಂತ ಹಾಗೇ ಬಿಟ್ಟು ಹೊರಟೆ. ನಾನು ಹಾಕಿದ್ದು ಲಿಮಿಟ್ ಸ್ಟಾಪ್ ಲಾಸ್, ಟ್ರಿಗರ್ (ಆರ್ಡರ್ ಚಾಲೂ ಆಗುವ ಬೆಲೆ) 307.50, ಮಾರುವ ಬೆಲೆ 307.40. ಗೇಟ್ ಹತ್ತಿರ ಫೋನ್ ತೆಗೆದರೆ ಷೇರು 303ರಲ್ಲಿದೆ. ಟ್ರಿಗರ್ ಆಗಿದೆ, ಆದರೆ ಬೆಲೆ 307.40 ದಾಟಿ ಒಂದೇ ಏಟಿಗೆ ಕೆಳಗೆ ಬಿದ್ದಿದ್ದರಿಂದ ಆರ್ಡರ್ ಹಾಗೇ ಕೂತಿದೆ. ಕೊನೆಗೆ 302.80ಕ್ಕೆ ಕೊಟ್ಟೆ. 375 ರೂಪಾಯಿಗೆ ಮುಗಿಯಬೇಕಾದ ನಷ್ಟ 1,080 ಆಯಿತು. ಆವತ್ತಿನಿಂದ ಷೇರಿನಲ್ಲಿ ಮಾರ್ಕೆಟ್ ಸ್ಟಾಪ್ ಲಾಸ್ ಮಾತ್ರ ಹಾಕುತ್ತೇನೆ. ಎರಡು ರೂಪಾಯಿ ಹೆಚ್ಚು ಕಮ್ಮಿ ಆದರೂ ಆರ್ಡರ್ ಹೊರಗೆ ಬರುತ್ತದೆ.

ಮಾರ್ಚ್‌ನಿಂದ ಮೇವರೆಗೆ ಒಟ್ಟು 58 ಟ್ರೇಡ್. ಚಾರ್ಜ್ ಬಿಟ್ಟು ನೋಡಿದರೆ 1,900 ರೂಪಾಯಿ ಲಾಭ. ಚಾರ್ಜ್ 3,480. ಅಂದರೆ 1,580 ರೂಪಾಯಿ ನಷ್ಟ. ಷೇರು ಆರಿಸುವುದರಲ್ಲಿ ನಾನು ಸೋತಿರಲಿಲ್ಲ, ಟ್ರೇಡಿನ ಸಂಖ್ಯೆಯಲ್ಲಿ ಸೋತಿದ್ದೆ. 2024ರ ಜುಲೈನಲ್ಲಿ ಸೆಬಿ ಕೊಟ್ಟ ವರದಿ ಆಮೇಲೆ ಓದಿದೆ. 2022-23ರಲ್ಲಿ ಷೇರಿನಲ್ಲಿ ಇಂಟ್ರಾಡೇ ಮಾಡಿದ ಹತ್ತರಲ್ಲಿ ಏಳು ಜನ ನಷ್ಟದಲ್ಲಿದ್ದರು, ವರ್ಷಕ್ಕೆ 500ಕ್ಕಿಂತ ಜಾಸ್ತಿ ಟ್ರೇಡ್ ಮಾಡಿದವರಲ್ಲಿ ಅದು 80%. ನನ್ನ ನೋಟ್‌ಬುಕ್ ಹೇಳಿದ್ದೂ ಅದೇ.

ಆದರೆ ಇಂಟ್ರಾಡೇಗೆ ಸಲ್ಲಬೇಕಾದ ಒಂದು ಮಾತು ಇದೆ. 2025ರ ಏಪ್ರಿಲ್ 7, ಸೋಮವಾರ. ಅಮೆರಿಕದ ಸುಂಕದ ಸುದ್ದಿಗೆ ನಿಫ್ಟಿ ತೆರೆಯುವಾಗಲೇ ಸಾವಿರಕ್ಕೂ ಜಾಸ್ತಿ ಅಂಕ ಕೆಳಗಿತ್ತು, ಸಂಜೆ 742 ಅಂಕ ಇಳಿದು ಮುಗಿಯಿತು. ನನ್ನ ಕೈಯಲ್ಲಿ ಒಂದು ಷೇರೂ ಇರಲಿಲ್ಲ, ಶುಕ್ರವಾರವೇ ಎಲ್ಲ ಮುಗಿಸಿದ್ದೆ. ನಮ್ಮ ಲೈನಿನ ಹುಡುಗನೊಬ್ಬ ಸ್ವಿಂಗ್‌ಗೆ ಅಂತ ಮೂರು ಷೇರು ಇಟ್ಟುಕೊಂಡಿದ್ದ. ಬೆಳಿಗ್ಗೆ ಒಂಬತ್ತೂವರೆಗೆ ಫೋನ್ ಮಾಡಿ "ಅಣ್ಣ, ಮಾರಲಾ ಬೇಡ್ವಾ?" ಅಂತ ಕೇಳಿದ. ಅವನ ಧ್ವನಿ ನಡುಗುತ್ತಿತ್ತು. ನನಗೂ ಏನು ಹೇಳಬೇಕು ಅಂತ ತಿಳಿಯಲಿಲ್ಲ. ರಾತ್ರಿ ನಿದ್ದೆ ಮುಖ್ಯ ಅನ್ನುವವರಿಗೆ ಇಂಟ್ರಾಡೇಯ ಈ ಗುಣ ಚಿಕ್ಕದಲ್ಲ.

ಆಪ್ಷನ್‌ಗೆ ಬಂದಿದ್ದು ಜೂನ್‌ನಲ್ಲಿ. ನಿಫ್ಟಿ ಮೇಲೆ ಅಥವಾ ಕೆಳಗೆ ಹೋಗುತ್ತದೆ ಅಂತ, ಒಂದು ದಿನಾಂಕದವರೆಗೆ ಮಾತ್ರ ನಡೆಯುವ ಒಪ್ಪಂದ ಕೊಳ್ಳೋದು ಇದು; ಅದಕ್ಕೆ ಕೊಡುವ ಬೆಲೆಯೇ ಪ್ರೀಮಿಯಂ. ಇದಕ್ಕೆ ಖಾತೆಯಲ್ಲಿ ಎಫ್‌ಅಂಡ್‌ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ತೆರೆಸಬೇಕು, ಸಂಬಳದ ಚೀಟಿ ಅಥವಾ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟರೆ ಆಗುತ್ತದೆ. 10,000 ರೂಪಾಯಿ ಮಾತ್ರ ಇದಕ್ಕೆ ಅಂತ ಬೇರೆ ಮಾಡಿದೆ. ಮೊದಲು ನಿಫ್ಟಿ ಲಾಟ್ (ಒಂದು ಸಲಕ್ಕೆ ಕೊಳ್ಳಲೇಬೇಕಾದ ಸಂಖ್ಯೆ) 25 ಇತ್ತು, ಸೆಬಿ 2024ರ ಅಕ್ಟೋಬರ್‌ನಲ್ಲಿ ನಿಯಮ ಬಿಗಿ ಮಾಡಿದ ಮೇಲೆ 75 ಆಯಿತು, 2025ರಲ್ಲಿ ನಾನು ಮಾಡುವಾಗ ಅಷ್ಟಿತ್ತು. 100 ರೂಪಾಯಿ ಪ್ರೀಮಿಯಂ ಇದ್ದರೆ ಆಗ ಒಂದು ಲಾಟಿಗೆ 7,500. ಅಂದರೆ 10,000ದಲ್ಲಿ ಒಂದೇ ಲಾಟ್, ಅದನ್ನು ಅರ್ಧ ಮಾಡೋಕೂ ಆಗೋದಿಲ್ಲ. ಷೇರಿನಲ್ಲಿ ಭಯ ಆದರೆ 100ರ ಬದಲು 20 ಕೊಳ್ಳಬಹುದು, ಇಲ್ಲಿ ಆ ಅನುಕೂಲವೇ ಇಲ್ಲ. ಕಡಿಮೆ ಬಂಡವಾಳದವರಿಗೆ ಇದೇ ದೊಡ್ಡ ತೊಡಕು ಅಂತ ನನ್ನ ಅಭಿಪ್ರಾಯ. ಆಪ್ಷನ್ ಮಾರೋಣ ಅಂದರೆ ಒಂದು ಲಾಟಿಗೇ ಲಕ್ಷಕ್ಕೂ ಮೀರಿ ಮಾರ್ಜಿನ್ ಹಣ ಖಾತೆಯಲ್ಲಿ ಇಡಬೇಕು, ಅದು ನಮ್ಮ ಮಾತಲ್ಲ.

ಒಂದು ಗುರುವಾರ, ಆಗ ನಿಫ್ಟಿ ಎಕ್ಸ್‌ಪೈರಿ (ಆಪ್ಷನ್ ಅವಧಿ ಮುಗಿಯುವ ದಿನ) ಗುರುವಾರವೇ ಇತ್ತು, ಬೆಳಿಗ್ಗೆ 11ಕ್ಕೆ 68 ರೂಪಾಯಿಗೆ ಒಂದು ಕಾಲ್ (ನಿಫ್ಟಿ ಏರಲಿ ಅಂತ ಕೊಳ್ಳುವ ಆಪ್ಷನ್) ಕೊಂಡೆ. ನಿಫ್ಟಿ ಮೇಲೆ ಹೋಗುತ್ತದೆ ಅನ್ನೋದು ನನ್ನ ಅಂದಾಜು. 12:40ಕ್ಕೆ ನೋಡಿದರೆ ನಿಫ್ಟಿ ನಾನು ಕೊಂಡಾಗ ಇದ್ದದ್ದಕ್ಕಿಂತ ಐದು ಅಂಕ ಮೇಲೇ ಇದೆ. ಕಾಲ್ ಮಾತ್ರ 41. ಎಕ್ಸ್‌ಪೈರಿ ದಿನ ಪ್ರೀಮಿಯಂ ಬಿಸಿಲಿಗಿಟ್ಟ ಬೆಣ್ಣೆ ಇದ್ದ ಹಾಗೆ, ನಿಫ್ಟಿ ನಿಂತಲ್ಲೇ ನಿಂತರೂ ಅದು ಕರಗುತ್ತಲೇ ಇರುತ್ತದೆ. 27 ರೂಪಾಯಿ, 75 ಸಲ: 2,025 ರೂಪಾಯಿ ನಷ್ಟ. ಷೇರಿನಲ್ಲಿ ಅಂದಾಜು ಸರಿಯಿದ್ದರೆ ಹೆಚ್ಚಂದರೆ ಲಾಭ ಬಾರದೆ ಇರಬಹುದು, ಹಣವಾದರೂ ಉಳಿಯುತ್ತದೆ. ಇಲ್ಲಿ ದಿಕ್ಕೂ ಸರಿ ಇರಬೇಕು, ಬೇಗನೂ ಆಗಬೇಕು. ಜೊತೆಗೆ ಎನ್‌ಎಸ್‌ಇ (ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ) ಆಪ್ಷನ್‌ನಲ್ಲಿ ಮಾರ್ಕೆಟ್ ಸ್ಟಾಪ್ ಲಾಸನ್ನು 2021ರಲ್ಲೇ ನಿಲ್ಲಿಸಿದೆ. ಲಿಮಿಟ್ ಸ್ಟಾಪ್ ಲಾಸ್ ಒಂದೇ ದಾರಿ, ಅದರ ಕಷ್ಟ ಮೇಲೆ ಹೇಳಿದ್ದೇನೆ.

ಚಾರ್ಜ್ ಕೂಡ ನೋಡಿ. 7,500ರ ಒಂದು ಲಾಟ್ ಕೊಂಡು ಮಾರಿದರೆ ಆಗ ಸುಮಾರು 61 ರೂಪಾಯಿ ಬೀಳುತ್ತಿತ್ತು, ಹಾಕಿದ ಹಣದ 0.8%. ಜೂನ್ ಜುಲೈ ಸೇರಿ 21 ಟ್ರೇಡ್, ಒಂಬತ್ತರಲ್ಲಿ ಲಾಭ, ಎಲ್ಲ ಕಳೆದು 6,400 ರೂಪಾಯಿ ನಷ್ಟ. ಒಂದು ದಿನ ಹತ್ತೇ ನಿಮಿಷದಲ್ಲಿ 1,500 ಬಂದಿತ್ತು, ಸುಳ್ಳು ಹೇಳೋದಿಲ್ಲ. ಆ ಒಂದು ದಿನವೇ ನನ್ನನ್ನು ಇನ್ನೂ ಮೂರು ವಾರ ಹಿಡಿದಿಟ್ಟಿತು. 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷದಲ್ಲಿ ಎಫ್‌ಅಂಡ್‌ಓ ಮಾಡಿದ ನಮ್ಮಂಥ ವ್ಯಕ್ತಿಗಳಲ್ಲಿ 93% ಜನ ನಷ್ಟದಲ್ಲಿದ್ದರು ಅಂತ ಸೆಬಿಯೇ ಹೇಳಿದೆ, ತಲೆಗೆ ಸರಾಸರಿ 2 ಲಕ್ಷ. ಹೊಸಬರು, ಅದೂ 50,000ದ ಒಳಗಿನ ಬಂಡವಾಳದವರು, ದಯವಿಟ್ಟು ಆಪ್ಷನ್‌ನಿಂದ ಶುರು ಮಾಡಬೇಡಿ. ಈ ನಾಲ್ಕರಲ್ಲಿ ನಾನು ಖಡಾಖಂಡಿತವಾಗಿ ಬೇಡ ಅನ್ನೋದು ಇದೊಂದಕ್ಕೇ.

ಸ್ವಿಂಗ್ ಶುರು ಮಾಡಿದ್ದು ಆಗಸ್ಟ್‌ನಲ್ಲಿ, ಉಳಿದಿದ್ದ 22,000 ಚಿಲ್ಲರೆಯಲ್ಲಿ. ಡೆಲಿವರಿ ತೆಗೆದುಕೊಂಡು, ಅಂದರೆ ಪೂರ್ತಿ ಹಣ ಕೊಟ್ಟು ಷೇರನ್ನು ನಮ್ಮ ಖಾತೆಗೆ ಹಾಕಿಸಿಕೊಂಡು, ಒಂದರಿಂದ ನಾಲ್ಕು ವಾರ ಇಟ್ಟುಕೊಳ್ಳೋದು. ಸಾಲದ ಮಾರ್ಜಿನ್ ಇಲ್ಲ, ಇರುವ ಹಣಕ್ಕೆ ಎಷ್ಟು ಬರುತ್ತೋ ಅಷ್ಟೇ. ಅಷ್ಟೇ ಮೊತ್ತದ ಒಂದು ಟ್ರೇಡಿನ ಚಾರ್ಜ್ ಇಲ್ಲಿ ಇಂಟ್ರಾಡೇಗಿಂತ ಜಾಸ್ತಿಯೇ: ಎಸ್‌ಟಿಟಿ ಕೊಂಡಾಗಲೂ ಮಾರಿದಾಗಲೂ 0.1%, ಮಾರಿದಾಗ ಡಿಪಿ ಚಾರ್ಜ್ (ಡಿಮ್ಯಾಟ್ ಖಾತೆಯಿಂದ ಷೇರು ತೆಗೆಯುವ ಶುಲ್ಕ) ಸುಮಾರು 15 ರೂಪಾಯಿ. ಡೆಲಿವರಿಗೆ ಬ್ರೋಕರೇಜ್ ತೆಗೆದುಕೊಳ್ಳದ ಕಡೆ ಖಾತೆ ಇದ್ದರೆ ಅದೊಂದು ಉಳಿತಾಯ. ಆದರೆ ಮೂರು ತಿಂಗಳಿಗೆ ನಾನು ಮಾಡಿದ್ದು ಏಳೇ ಟ್ರೇಡ್. ನಮ್ಮ ಜಾಲಹಳ್ಳಿಯ ಬಿಇಎಲ್ ಷೇರು 378ಕ್ಕೆ 25 ಕೊಂಡು 402ಕ್ಕೆ ಕೊಟ್ಟೆ. 600 ರೂಪಾಯಿ ಲಾಭದಲ್ಲಿ ಚಾರ್ಜ್ ಹೋಗಿದ್ದು 37. ಇಂಟ್ರಾಡೇಯಲ್ಲಿ 200 ರೂಪಾಯಿ ಲಾಭಕ್ಕೆ 45 ಕೊಡುತ್ತಿದ್ದೆ.

ಇನ್ನೊಂದು ಅನುಕೂಲ, ಫಸ್ಟ್ ಶಿಫ್ಟ್ ವಾರದಲ್ಲೂ ನಡೆಯುತ್ತದೆ. ಫೋನ್ ಲಾಕರಿನಲ್ಲಿರುತ್ತದೆ, ಮಾರುಕಟ್ಟೆ ನೋಡೋಕೆ ಆಗೋದಿಲ್ಲ. ರಾತ್ರಿಯೇ ಜಿಟಿಟಿ (ಹೇಳಿದ ಬೆಲೆ ಬರುವವರೆಗೆ ಕಾಯುವ) ಆರ್ಡರ್ ಹಾಕಿಟ್ಟರೆ ಆಯಿತು, ಮೇಲಿನ ಬೆಲೆ ಒಂದು, ಕೆಳಗಿನ ಸ್ಟಾಪ್ ಲಾಸ್ ಒಂದು. ಆದರೆ ಒಂದು ವಿಷಯ ಗಮನಿಸಿ. ಖಾತೆಗೆ ಡಿಡಿಪಿಐ (ಮಾರಿದ ಷೇರನ್ನು ಖಾತೆಯಿಂದ ತೆಗೆಯೋಕೆ ಬ್ರೋಕರ್‌ಗೆ ಕೊಡುವ ಅಧಿಕಾರ ಪತ್ರ) ಸಹಿ ಮಾಡಿ ಕೊಟ್ಟಿಲ್ಲ ಅಂದರೆ ಮಾರುವ ಮೊದಲು ಟಿಪಿನ್ (ಡಿಮ್ಯಾಟ್ ಖಾತೆಯ ಗುಪ್ತ ಸಂಖ್ಯೆ) ಹಾಕಿ ಒಪ್ಪಿಗೆ ಕೊಡಬೇಕು, ಇಲ್ಲದಿದ್ದರೆ ಜಿಟಿಟಿ ಟ್ರಿಗರ್ ಆದರೂ ಷೇರು ಮಾರಾಟ ಆಗೋದಿಲ್ಲ. ನನ್ನ ಮೊದಲ ಸ್ವಿಂಗ್ ಟ್ರೇಡಿನಲ್ಲಿ ಹಾಗೇ ಆಗಿ ಎರಡು ದಿನ ಜಾಸ್ತಿ ಕಾಯಬೇಕಾಯಿತು. ಮೊದಲು ಡಿಡಿಪಿಐ ಮಾಡಿಸಿ.

ಏಳರಲ್ಲಿ ನಾಲ್ಕು ಲಾಭ, ಮೂರು ನಷ್ಟ, ಕೈಗೆ ಉಳಿದದ್ದು 1,140. ದೊಡ್ಡ ಮೊತ್ತ ಅಲ್ಲ, ಏಳು ಟ್ರೇಡಿನಿಂದ ಏನೂ ಸಾಬೀತಾಗೋದೂ ಇಲ್ಲ. ಆದರೆ ಚಾರ್ಜ್ ಕಳೆದ ಮೇಲೂ ಲಾಭ ನಿಂತ ಮೊದಲ ದಾರಿ ಇದು.

ತೆರಿಗೆ ವಿಷಯ ಹೊಸಬರು ಕೇಳೋದೇ ಇಲ್ಲ, ನಾನೂ ಕೇಳಿರಲಿಲ್ಲ. ಸ್ವಿಂಗ್ ಲಾಭ ಅಲ್ಪಾವಧಿ ಬಂಡವಾಳ ಲಾಭ, 2024ರ ಜುಲೈ 23ರಿಂದ ಅದಕ್ಕೆ 20%. ಇಂಟ್ರಾಡೇ ಹಾಗಲ್ಲ, ಅದನ್ನು ಸ್ಪೆಕ್ಯುಲೇಟಿವ್ (ಸಟ್ಟಾ) ವ್ಯವಹಾರದ ಆದಾಯ ಅಂತ ತೋರಿಸಬೇಕು. ಇಂಟ್ರಾಡೇ ಇರಲಿ ಆಪ್ಷನ್ ಇರಲಿ, ಸಂಬಳದವರ ಸರಳ ರಿಟರ್ನ್ ಸಾಲೋದಿಲ್ಲ, ಐಟಿಆರ್ 3 ಹಾಕಬೇಕು. ಇಂಟ್ರಾಡೇ ನಷ್ಟವನ್ನು ನಾಲ್ಕು ವರ್ಷ ಮುಂದಕ್ಕೆ ಒಯ್ಯಬಹುದು, ಅದೂ ಅದೇ ರೀತಿಯ ಲಾಭದ ಎದುರಿಗೆ ಮಾತ್ರ. ಲೆಕ್ಕಿಗರು ನನಗೆ ಹೇಳಿದ ಶುಲ್ಕ 2,500 ರೂಪಾಯಿ. ನನ್ನ ಮೂರು ತಿಂಗಳ ಇಂಟ್ರಾಡೇ ನಷ್ಟಕ್ಕಿಂತ ಅದೇ ಜಾಸ್ತಿ. ಸಣ್ಣ ಬಂಡವಾಳದವರು ಈ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಈಗ ನಾನು ಮಾಡುತ್ತಿರೋದು ಸ್ವಿಂಗ್, ಒಂದು ಸಲಕ್ಕೆ ಎರಡೇ ಷೇರು, ನಿಫ್ಟಿ 50ರ ಒಳಗಿನವು. ಎಲ್ಲ ಹಣವನ್ನೂ ಹಾಕೋದಿಲ್ಲ, ಏಪ್ರಿಲ್ 7 ನೆನಪಿದೆ, 8,000 ಯಾವಾಗಲೂ ಹಾಗೇ ಇರುತ್ತದೆ. ಬೆಳಿಗ್ಗೆ ಹೊತ್ತು ಪೂರ್ತಿ ಬಿಡುವಿದ್ದು, ಮಧ್ಯಾಹ್ನ ಮೂರರವರೆಗೂ ಸ್ಕ್ರೀನ್ ಮುಂದೆ ಕೂರಬಲ್ಲವರು ಇಂಟ್ರಾಡೇ ಕಲಿಯಬಹುದು, ಆದರೆ ದಿನಕ್ಕೆ ಒಂದೇ ಟ್ರೇಡ್, ಮಾರ್ಜಿನ್ ಎರಡು ಪಟ್ಟಿಗಿಂತ ಜಾಸ್ತಿ ಬೇಡ, ಮೊದಲ ಆರು ತಿಂಗಳು ಷೇರು 10 ಅಥವಾ 20 ಸಾಕು. 10 ಐಟಿಸಿ ಕೊಂಡು ಮಾರಿದರೆ ಚಾರ್ಜ್ ಐದು ರೂಪಾಯಿಯೊಳಗೆ ಮುಗಿಯುತ್ತದೆ. ಆ ಐದು ರೂಪಾಯಿಗೆ ಸಿಗುವ ಭಯ, ಆತುರ ಎಲ್ಲ ನಿಜವಾದದ್ದೇ. ಪೇಪರ್ ಟ್ರೇಡಿಂಗ್‌ನಲ್ಲಿ ಎರಡು ತಿಂಗಳು ಕೂತರೂ ನನಗೆ ಅದು ಸಿಗಲಿಲ್ಲ.