ಅಂಜುನಾ ಸಂತೆಯ ಲಂಬಾಣಿ ಚೀಲ: ಒಳಮೈ ನೋಡಿ ಕೊಳ್ಳಿ

ಗೋವಾದ ಅಂಜುನಾ ಬುಧವಾರದ ಸಂತೆಯಲ್ಲಿ ಲಂಬಾಣಿ ಹೆಣ್ಣುಮಕ್ಕಳ ಜೊತೆ ಕನ್ನಡದಲ್ಲೇ ಚೌಕಾಸಿ ನಡೆಯುತ್ತದೆ. ಹಲವರು ಉತ್ತರ ಕರ್ನಾಟಕದ ತಾಂಡಾಗಳವರು. ಆದರೆ ತೂಗುಹಾಕಿದ್ದೆಲ್ಲ ಕೈಕಸೂತಿಯಲ್ಲ. ಚೀಲದ ಒಳಮೈ ಹೊರಳಿಸಿ. ಹಿಂಬದಿಯಲ್ಲಿ ಒಂದೇ ಬಣ್ಣದ ತೆಳು ನೂಲು ಸಾಲಾಗಿ ಓಡಿದ್ದರೆ ಮಷೀನ್ ಕೆಲಸ; ಗಂಟುಗಳು, ಅಡ್ಡ ದಾಟಿದ ಬಣ್ಣದ ಎಳೆಗಳು ಕಂಡರೆ ಕೈಯದು. ಕನ್ನಡಿಯ ಅಂಚಿಗೆ ಉಗುರು ತಾಗಿಸಿ: ಬರೀ ಅಂಟಿಸಿದ್ದು ಎದ್ದು ಬರುತ್ತದೆ, ಸುತ್ತ ಹೊಲಿದು ಕೂರಿಸಿದ್ದು ಕದಲದು. ಒದ್ದೆ ಬಿಳಿ ಕರವಸ್ತ್ರದಿಂದ ಉಜ್ಜಿದರೆ ಕೆಂಪು ಬಣ್ಣದ ಬಂಡವಾಳ ಗೊತ್ತಾಗುತ್ತದೆ. ಮೊದಲು ಕೈಕೊಡುವುದು ಸಾಮಾನ್ಯವಾಗಿ ಕಸೂತಿಯಲ್ಲ, ಅಗ್ಗದ ಜಿಪ್ಪು ಮತ್ತು ಹಿಡಿಕೆಯ ಬುಡ. ಬುಡಕ್ಕೆ ಇನ್ನೊಂದು ಹೊಲಿಗೆ ಹಾಕಿಸಿ.

ಹಳೆಯ ಕಾಂಚಳಿ (ರವಿಕೆ), ಫೇಟಿಯಾ (ಲಂಗ) ತುಂಡುಗಳ ಚೀಲಕ್ಕೆ ಬೆಲೆ ಹೆಚ್ಚು. ಅದು ನ್ಯಾಯವೇ. ಯಾಡಿಯ (ತಾಯಿಯ) ಪಕ್ಕ ಕೂತು ಮಗಳು ಕಲಿತ ಕೆಲಸವದು. ಅದೇ ಉಡುಪು ತೊಟ್ಟು ಮಾರಲು ಕೂತ ತಾಯಿಗಿಂತ ದೊಡ್ಡ ಜಾಹೀರಾತು ಬೇಕಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯಿದೆ. 2023ರಲ್ಲಿ ಹಂಪಿಯ ಜಿ20 ಸಭೆಯ ವೇಳೆ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಮಷೀನ್ ಚೀಲದ ರೇಟಿಗೆ ಇದನ್ನು ಕೇಳಬೇಡಿ.

ತಣ್ಣೀರಲ್ಲಿ ಕೈಯಿಂದ ತೊಳೆದು ನೆರಳಲ್ಲಿ ಒಣಗಿಸಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟರೆ ಬೂಷ್ಟು ಖಚಿತ.